ಸೈಕಲ್ ಇಲ್ಲ, ನಿಯಮ ಇದೆ

೧. ಸಂದರ್ಶನ

“ಸೈಕಲ್ ಹೊಡೆಯಲು ಬರುತ್ತದೆಯೇ?” ಎಂದು ಅಧಿಕಾರಿ ಕೇಳಿದರು. ಫೈಲಿನಿಂದ ತಲೆ ಎತ್ತಿರಲಿಲ್ಲ.

ನನ್ನ ಪಕ್ಕ ನಿಂತಿದ್ದವನ ಎಡಗಾಲು ಎರಡನೇ ವಯಸ್ಸಿಗೇ ಪೋಲಿಯೋಗೆ ಹೋಗಿತ್ತು. ಕಂಕುಳಲ್ಲಿ ಊರುಗೋಲು. ವಿಜಯಪುರದ ಕಡೆಯವನು. ಪುಣೆಯ ಅದೇ ಸರ್ಕಾರಿ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ದಿನಗೂಲಿ ಜವಾನ. ಅಧಿಕಾರಿ ಕೂತಿದ್ದ ಕುರ್ಚಿಯನ್ನು ಬೆಳಿಗ್ಗೆ ಒರೆಸಿಟ್ಟವನೂ ಅವನೇ. ಈಗ ಅಲ್ಲೇ ಒಂದು ಖಾಯಂ ಜವಾನನ ಹುದ್ದೆ ಖಾಲಿಯಾಗಿತ್ತು. ಡಿಸೆಂಬರ್ ಕೊನೆಗೆ ಅವನ ವಯಸ್ಸು ಮಿತಿ ದಾಟುತ್ತಿತ್ತು. ಇದು ತಪ್ಪಿದರೆ ಮತ್ತೆ ಇಲ್ಲ.

ನಾನು ಅಂಗವಿಕಲರಿಗೆ ಕೆಲಸ ಕೊಡಿಸುವ ಒಂದು ಸಣ್ಣ ಸಂಸ್ಥೆಯವನು. ಮೊದಲು ದೇಹೂ ರೋಡಿನಲ್ಲಿ ಸೇನೆಯ ಡಿಪೋದಲ್ಲಿ ಗುಮಾಸ್ತನಾಗಿದ್ದೆ. ಫೈಲಿನ ಭಾಷೆ ಬರುತ್ತದೆಂದು ಸಂಸ್ಥೆಯವರು ಕಾನೂನು, ನಿಯಮ, ಶಾಸಕರು ಎಲ್ಲವನ್ನೂ ನನ್ನ ಕುತ್ತಿಗೆಗೆ ಕಟ್ಟಿದ್ದಾರೆ. ಕಚೇರಿಗಳ ಮಾತೆಲ್ಲ ಮರಾಠಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸಿಟ್ಟು ಎರಡರಲ್ಲೂ ಒಂದೇ.

“ಈ ಹುದ್ದೆ ಕಾಲಿನ ತೊಂದರೆ ಇರುವವರಿಗೇ ಮೀಸಲು, ಅಲ್ಲವೇ?” ಎಂದೆ.

“ಹೌದು.”

“ಅವರು ಸೈಕಲ್ ಹೊಡೆಯಬೇಕೇ?”

“ನೇಮಕಾತಿ ನಿಯಮದಲ್ಲಿದೆ ಕಾಕಾ. ಜವಾನನಿಗೆ ಸೈಕಲ್ ಬರಬೇಕು. ಪರೀಕ್ಷೆ ಮಾಡಿ ಬರೆದಿಡಬೇಕು. ಮೀಸಲಾತಿಯೂ ನಿಯಮ, ಸೈಕಲ್ಲೂ ನಿಯಮ. ಯಾವುದನ್ನು ಮುರಿಯಲಿ, ನೀವೇ ಹೇಳಿ.”

“ಪರೀಕ್ಷೆ ಯಾವ ಸೈಕಲ್ ಮೇಲೆ?”

ಆಗ ತಲೆ ಎತ್ತಿದರು. ಕಿಟಕಿಯಾಚೆ ನೋಡಿದರು. ಹೆಡ್ ಕ್ಲರ್ಕನ್ನು ಕರೆಸಿದರು. ಅವರು ಬಂದರು, ಕೇಳಿಸಿಕೊಂಡರು, ಒಳಗೆ ಹೋಗಿ ಪುಸ್ತಕವೊಂದನ್ನು ನೋಡಿ ಬಂದು ಅಧಿಕಾರಿಯ ಕಿವಿಯಲ್ಲಿ ಹೇಳಿದರು.

ಅಧಿಕಾರಿ ನನ್ನತ್ತ ತಿರುಗಿದರು. “ಸೈಕಲ್ ಇಲ್ಲ. ನಿಯಮ ಇದೆ.”

೨. ಶಾಸಕರ ಕೃಪೆ

ನಿಯಮ ತೆಗೆಯುವುದು ಸರ್ಕಾರ. ಸರ್ಕಾರಕ್ಕೆ ಹೇಳಬೇಕಾದವರು ಶಾಸಕರು. ಶಾಸಕರಿಗೆ ಹೇಳಬೇಕಾದವನು ನಾನು.

ಅರ್ಜಿ ಬರೆದವಳು ನಮ್ಮ ಸಂಸ್ಥೆಗೆ ಶನಿವಾರ ಬರುವ ಹುಡುಗಿ. ತುಮಕೂರಿನವಳು, ಖರಾಡಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುತ್ತಾಳೆ. ಕಣ್ಣು ಕಾಣಿಸುವುದಿಲ್ಲ. ಅವಳ ಕಂಪ್ಯೂಟರು ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳುತ್ತದೆ, ನನಗೆ ಒಂದಕ್ಷರ ತಿಳಿಯದಷ್ಟು ವೇಗವಾಗಿ.

ಅರ್ಜಿಯಲ್ಲಿ ಎರಡೇ ವಾಕ್ಯ. ಜವಾನನಿಗೆ ಸೈಕಲ್ ಬರಬೇಕೆಂಬ ನಿಯಮ ತೆಗೆಸಿ. ಅದರಿಂದ ಅಂಗವಿಕಲರಿಗೆ ಅನ್ಯಾಯವಾಗುತ್ತಿದೆ.

ಶಾಸಕರ ಪಿ.ಎ. ಅದರಲ್ಲಿ ಎರಡೇ ಪದ ಓದಿರಬೇಕು. ಅಂಗವಿಕಲ. ಸೈಕಲ್. ಮುಂದಿನ ಭಾನುವಾರ ವಾಕಡದಲ್ಲಿ ಪೆಂಡಾಲ್ ಹಾಕಿಸಿ, ನಮ್ಮ ಜವಾನನನ್ನು ವೇದಿಕೆಗೆ ಹತ್ತಿಸಿ, ಹಾರ ಹಾಕಿ, ಕೈಯಿಂದ ಪೆಡಲ್ ತಿರುಗಿಸುವ ಮೂರು ಚಕ್ರದ ಗಾಡಿಯೊಂದನ್ನು ಕೊಟ್ಟುಬಿಟ್ಟರು. ಗಾಡಿಯ ಹಿಂದೆ ಶಾಸಕರ ಫೋಟೋ. ಗಾಡಿಗಿಂತ ಫೋಟೋ ದೊಡ್ಡದು.

“ಒಲ್ಲೆ ಅನ್ಲೇನ್ರಿ ಕಾಕಾ?” ಎಂದ ಅವನು, ನಗುತ್ತಲೇ, ತುಟಿ ಅಲುಗಿಸದೆ.

“ಸುಮ್ಮನಿರು. ಫೋಟೋ ಮುಗೀಲಿ.”

ಫೋಟೋ ಚೆನ್ನಾಗಿ ಬಂತು. ಆ ಖುಷಿಯಲ್ಲಿ ಶಾಸಕರು ವಿಧಾನಸಭೆಯಲ್ಲಿ ಪ್ರಶ್ನೆ ಕೇಳಲು ಒಪ್ಪಿದರು. ಅದಾದರೂ ಆಯಿತು.

ಆದರೆ ಗಾಡಿ? ಅವನಿಗೆ ಪಕ್ಕದ ಚಕ್ರ ಹಾಕಿಸಿದ ಸ್ವಂತ ಸ್ಕೂಟರ್ ಇದೆ. ಹತ್ತು ವರ್ಷದಿಂದ ಓಡಿಸುತ್ತಿದ್ದಾನೆ. ಎರಡನ್ನೂ ಒಟ್ಟಿಗೆ ಓಡಿಸುವುದು ಹೇಗೆ? ನಾನು ಗಾಡಿ ಹತ್ತಿ ಕೂತೆ.

“ಬರ್ರಿ ಕಾಕಾ, ನಾ ದಾರಿ ಬಿಡಸ್ಕೋತ ಹೋಗ್ತೀನಿ,” ಎಂದು ಅವನು ಸ್ಕೂಟರಿನಲ್ಲಿ ಮುಂದೆ ಹೊರಟ.

ಚೌಕದಲ್ಲಿ ಟ್ರಾಫಿಕ್ ಪೊಲೀಸ್ ನನ್ನನ್ನು ನೋಡಿ ನಾಲ್ಕೂ ಕಡೆ ವಾಹನ ನಿಲ್ಲಿಸಿದ. ಬಸ್ಸು ನಿಂತಿತು. ಕಂಪನಿಗಳ ಕ್ಯಾಬುಗಳು ನಿಂತವು. ನಾನು ತಲೆ ತಗ್ಗಿಸಿ ಪೆಡಲ್ ತಿರುಗಿಸಿದೆ. ಮನಸ್ಸು ತಡೆಯದೆ ಆ ಪೊಲೀಸ್ ನಮ್ಮ ಸಂಸ್ಥೆಯ ತನಕ ಹಿಂದೆಯೇ ಬಂದ, ಎತ್ತಿ ಇಳಿಸಲೆಂದು.

ನಾನು ಇಳಿದು ನಡೆದೆ.

“ಅಜ್ಜಾ!” ಎಂದ ಆತ. “ಇದೇನು?”

“ಶಾಸಕರ ಕೃಪೆ.”

ಆತ ಗಾಡಿಯ ಹಿಂದಿನ ಫೋಟೋ ನೋಡಿದ. ಕೈ ಮುಗಿದ.

೩. ನನ್ನ ಬುದ್ಧಿವಂತಿಕೆ

ಸದನದ ಪ್ರಶ್ನೆಯನ್ನು ನಾನೇ ಬರೆದೆ. ನನಗೆ ಸ್ವಲ್ಪ ಅಹಂಕಾರವಿತ್ತು. ಸರ್ಕಾರವನ್ನು ಮೂಲೆಗೆ ತಳ್ಳಬೇಕೆಂದು ಪ್ರಶ್ನೆಯನ್ನು ಮೂರು ಭಾಗ ಮಾಡಿದೆ.

ಜವಾನನಿಗೆ ಸೈಕಲ್ ಬರಬೇಕೆಂಬ ನಿಯಮ ಇರುವುದು ನಿಜವೇ? ಆ ಕಚೇರಿಯಲ್ಲಿ ಸೈಕಲ್ಲೇ ಇಲ್ಲದಿರುವುದು ನಿಜವೇ? ನಿಜವಿದ್ದರೆ, ಸರ್ಕಾರ ಏನು ಕ್ರಮ ಕೈಗೊಳ್ಳುತ್ತದೆ?

ಮಳೆಗಾಲದ ಅಧಿವೇಶನದಲ್ಲಿ ಉತ್ತರ ಬಂತು. ಹುಡುಗಿ ಕಂಪ್ಯೂಟರಿನಲ್ಲಿ ತೆರೆದಳು. ಅದು ಏನೋ ಅಂದಿತು. ಮತ್ತೆ ಅದೇ ಅಂದಿತು.

“ಅಂಕಲ್, ಬರೀ ‘ಇಮೇಜ್, ಇಮೇಜ್’ ಅಂತಿದೆ. ಕಾಗದನ ಫೋಟೋ ತೆಗೆದು ಕಳ್ಸಿದ್ದಾರೆ. ಅಂಗವಿಕಲರ ಬಗ್ಗೆ ಆನ್ಸರ್, ನಂಗೇ ಓದಕ್ಕಾಗ್ತಿಲ್ಲ. ನೀವೇ ಓದಿ.”

ಕನ್ನಡಕ ಹಾಕಿಕೊಂಡು ಓದಿದೆ. “ಮೊದಲನೆಯದಕ್ಕೆ, ನಿಜ.”

“ಗುಡ್.”

“ಎರಡನೆಯದಕ್ಕೂ ನಿಜ.”

“ಸೂಪರ್ ಅಂಕಲ್! ಸಿಕ್ಕಿಬಿದ್ರು. ಮೂರನೇದು?”

ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ.

“ಅಂಕಲ್?”

“ಸದರಿ ಕಚೇರಿಗೆ ಒಂದು ಸೈಕಲ್ ಒದಗಿಸಲಾಗುವುದೆಂದು ಮಾನ್ಯ ಮಂತ್ರಿಗಳು ಸದನಕ್ಕೆ ಭರವಸೆ ನೀಡಿದ್ದಾರೆ.”

ಕೆಳಗಿನ ಉಡುಪಿ ಹೋಟೆಲಿನ ಮಾಲೀಕರು ಚಹಾ ತಂದವರು ಬಾಗಿಲಲ್ಲೇ ನಿಂತಿದ್ದರು. “ಎಂಥ ಮಾರಾಯ್ರೆ, ಇಷ್ಟು ದಿವಸ ಪರೀಕ್ಷೆ ಮಾಡ್ಲಿಕ್ಕೆ ಅವರ ಹತ್ರ ಸೈಕಲ್ ಇರ್ಲಿಲ್ಲ. ಈಗ ನೀವೇ ತೆಗೆಸಿಕೊಟ್ರಾ?”

ಆ ದಿನ ನಾನು ಚಹಾ ಕುಡಿಯಲಿಲ್ಲ.

೪. ಮೂವರು, ಒಂದು ಮೇಜು

ತಪ್ಪು ಸರಿಪಡಿಸಲು ಹುಡುಗಿಯನ್ನು ಕರೆದುಕೊಂಡು ಮುಂಬಯಿಯ ಸಚಿವಾಲಯಕ್ಕೆ ಹೋದೆ. ಆ ವಿಷಯ ನೋಡಿಕೊಳ್ಳುವ ಅಧಿಕಾರಿ ಅವಳ ಬಿಳಿ ಕೋಲು ನೋಡಿದ ಕೂಡಲೇ ಎದ್ದು ನಿಂತು ಕೂಗಿದರು. “ಕೂತ್ಕೊಳ್ಳಿ! ಇಲ್ಲಿ! ಕುರ್ಚಿ ಇದೆ!”

“ಅವಳಿಗೆ ಕಣ್ಣು ಕಾಣಿಸುವುದಿಲ್ಲ. ಕಿವಿ ಚೆನ್ನಾಗಿದೆ,” ಎಂದೆ.

ಆಮೇಲೆ ಅವರು ಅವಳ ಜೊತೆ ಮಾತನ್ನೇ ನಿಲ್ಲಿಸಿದರು. ಎಲ್ಲ ನನ್ನ ಜೊತೆ, ಅದೂ ಪಿಸುದನಿಯಲ್ಲಿ.

“ಮೇಡಂ ಚಹಾ ತಗೋತಾರಾ?”

“ಅವರನ್ನೇ ಕೇಳಿ.”

“ಸಕ್ಕರೆ ಹಾಕಿದ್ದು ನಡೆಯುತ್ತಾ ಅವರಿಗೆ?”

ಹುಡುಗಿ ನನ್ನ ಕಡೆ ತಿರುಗಿ, ಅವರಿಗೂ ತಿಳಿಯಲೆಂದು ಹಿಂದಿಯಲ್ಲೇ ಹೇಳಿದಳು. “ಅಂಕಲ್, ಈ ನಿಯಮ ತೆಗೆಯೋ ಅಧಿಕಾರ ಸಾಹೇಬರಿಗೆ ಇದೆಯಾ ಅಂತ ಸ್ವಲ್ಪ ಕೇಳ್ತೀರಾ?”

ನಾನು ಕೇಳಿದೆ.

“ಇಲ್ಲ,” ಎಂದರು ಅವರು ನನಗೆ. “ಪುಣೆ ಕಚೇರಿಯ ಅಭಿಪ್ರಾಯ ತರಿಸಬೇಕು.”

“ಇಲ್ಲವಂತೆ,” ಎಂದೆ ನಾನು ಅವಳಿಗೆ. “ಅಭಿಪ್ರಾಯ ತರಿಸಬೇಕಂತೆ.”

“ಹಾಗಾದ್ರೆ ಮೇಡಂಗೆ ಚಹಾ ಬೇಡವಂತೆ ಅಂತ ಹೇಳಿ ಅಂಕಲ್.”

೫. ಕಾಲು

ಈ ನಡುವೆ ಪುಣೆ ಕಚೇರಿಯವರು ನಮ್ಮ ಜವಾನನಿಂದ ಹೊಸ ಅಂಗವೈಕಲ್ಯ ಪ್ರಮಾಣಪತ್ರ ಕೇಳಿದರು. ಹಳೆಯದರ ಅವಧಿ ಮುಗಿದಿತ್ತಂತೆ. ಆಸ್ಪತ್ರೆಯಲ್ಲಿ ಅರ್ಧ ದಿನ ಕಾದೆವು. ಡಾಕ್ಟರು ಹಳೆಯ ಕಾಗದ ತಿರುವಿ ಹಾಕಿ ಕೇಳಿದರು.

“ಕಾಲು ಈಗ ಹೇಗಿದೆ? ಏನಾದರೂ ಸುಧಾರಣೆ?”

“ನಲವತ್ತು ವರ್ಷದಿಂದ ನಾ ಹುಡುಕಾಕತ್ತೀನ್ರಿ,” ಎಂದ ಅವನು. “ನಿಮಗ ಕಂಡ್ರ ನನಗೂ ತೋರಸ್ರಿ.”

೬. ಹಗುರ ಫೈಲು

ಮುಂಬಯಿಯಿಂದ ಫೈಲು ಪುಣೆಗೆ ಬಂತು. ಜವಾನನ ಕೆಲಸ ಸೈಕಲ್ ಇಲ್ಲದೆ ನಡೆಯಬಹುದೇ, ಅಭಿಪ್ರಾಯ ತಿಳಿಸಿ ಎಂದು ಕೇಳಿದ್ದರು. ಅಧಿಕಾರಿ ಹೆಡ್ ಕ್ಲರ್ಕನ್ನು ಕೇಳಿದರು. ಹೆಡ್ ಕ್ಲರ್ಕ್ ಮೂರನೇ ಮಹಡಿಯ ವಿಭಾಗವನ್ನು ಕೇಳಿದರು. ಆ ವಿಭಾಗ ಅಧಿಕಾರಿಯನ್ನು ಕೇಳಿತು. ಲಿಫ್ಟ್ ಕೆಟ್ಟಿತ್ತು.

ಒಂದು ದಿನ ಮೆಟ್ಟಿಲ ಮೇಲೆ ಅವನು ಸಿಕ್ಕ. ಒಂದು ಕಂಕುಳಲ್ಲಿ ಊರುಗೋಲು, ಇನ್ನೊಂದರಲ್ಲಿ ಫೈಲು.

“ಯಾರದು?”

“ನಂದ ರೀ. ನನ್ನ ಫೈಲ್ ನಾನ ಹೊತ್ತಗೊಂಡ ಹೊಂಟೀನಿ. ಇದು ಆರನೇ ಸಲ.”

“ಏನು ಬರೆದಿದ್ದಾರೆ?”

ಗೋಡೆಗೆ ಒರಗಿ ನಿಂತು, ತೆರೆದು ಓದಿದ. “ಸೈಕಲ್ ಇಲ್ಲದ ಜವಾನನಿಂದ ಕಡತಗಳ ಸಾಗಣೆ ನಡೆದ ಉದಾಹರಣೆ ಈ ಕಚೇರಿಯಲ್ಲಿ ಕಂಡುಬಂದಿಲ್ಲ.”

ಫೈಲು ಮುಚ್ಚಿದ. “ಹಂಗಾರ ಹನ್ನೊಂದ ವರ್ಷದಿಂದ ನಾ ಏನ್ ಮಾಡೀನ್ರಿ ಕಾಕಾ ಇಲ್ಲಿ?”

“ಕಂಡುಬಂದಿಲ್ಲ,” ಎಂದೆ.

ಅವನು ನಕ್ಕು ಮೂರನೇ ಮಹಡಿಗೆ ಹೋದ.

೭. ಸೈಕಲ್ ಬಂತು

ಡಿಸೆಂಬರ್ ಮೊದಲ ವಾರ ಅವನ ಫೋನ್. “ಕಾಕಾ, ಸೈಕಲ್ ಬಂತ್ರಿ. ನನ್ನ ಕತಿ ಮುಗೀತು.” ಈ ಸಲ ನಗಲಿಲ್ಲ.

ಹೋದೆ. ವರಾಂಡದಲ್ಲಿ ನಿಂತಿತ್ತು. ಹ್ಯಾಂಡಲಿನಿಂದ ಚಕ್ರದ ತನಕ ಕಂದು ಕಾಗದ ಸುತ್ತಿತ್ತು. ತಂದವನು ಸಹಿಗಾಗಿ ಕಾಯುತ್ತಿದ್ದ. ಅಧಿಕಾರಿ ನಾಳೆಯೇ ಪರೀಕ್ಷೆ ಎಂದರು. ಹೆಡ್ ಕ್ಲರ್ಕ್ ಕೆಮ್ಮಿದರು.

“ಕಾಗದ ಬಿಚ್ಚುವ ಹಾಗಿಲ್ಲ ಸರ್. ಕಚೇರಿಯ ವಾಹನ ಖಾಯಂ ಜವಾನನ ತಾಬೆಯಲ್ಲೇ ಇರಬೇಕು. ಮೊದಲು ಅವನ ಸಹಿ, ಆಮೇಲೆ ಬಳಕೆ.”

“ಖಾಯಂ ಜವಾನ ಯಾರು?”

“ಇಲ್ಲ ಸರ್. ನಿವೃತ್ತರಾದರು. ಆ ಜಾಗಕ್ಕೇ ಈ ಪರೀಕ್ಷೆ.”

ಎಲ್ಲರೂ ಸೈಕಲ್ ನೋಡಿದೆವು. ಖಾಯಂ ಜವಾನ ಇಲ್ಲದೆ ಸೈಕಲ್ ಬಿಚ್ಚುವಂತಿಲ್ಲ. ಸೈಕಲ್ ಬಿಚ್ಚದೆ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲದೆ ಖಾಯಂ ಜವಾನ ಇಲ್ಲ.

“ಹಾಗಾದರೆ ಇರಲಿ,” ಎಂದರು ಅಧಿಕಾರಿ. ಅವರಿಗೆ ಸಮಾಧಾನವಾದಂತಿತ್ತು. “ಜನವರಿಯಲ್ಲಿ ನೋಡೋಣ.”

ಜನವರಿಯಲ್ಲಿ ಅವನ ವಯಸ್ಸು ದಾಟಿರುತ್ತದೆ.

ಮಂತ್ರಿಗಳು ಸದನದಲ್ಲಿ ಕೊಟ್ಟ ಭರವಸೆ ನಡೆಯಿತೇ ಎಂದು ನೋಡಲು ಶಾಸಕರ ಒಂದು ಸಮಿತಿ ಇದೆ. ಮನೆಗೆ ಬಂದು ಅದಕ್ಕೆ ಒಂದೇ ವಾಕ್ಯ ಬರೆದೆ. ಮಾನ್ಯ ಮಂತ್ರಿಗಳು ಒದಗಿಸಿದ ಸೈಕಲ್ ಈಗ ಯಾವ ಖಾಯಂ ಜವಾನನ ತಾಬೆಯಲ್ಲಿದೆ? ಈ ಸಲ ಮೂರು ಭಾಗ ಮಾಡಲಿಲ್ಲ.

ಸಮಿತಿ ಅದೇ ವಾಕ್ಯವನ್ನು ಪುಣೆಗೆ ಕಳಿಸಿತು. ವರ್ಷ ಮುಗಿಯುವುದರೊಳಗೆ ಹೆಸರು ತಿಳಿಸಿ ಎಂದಿತ್ತು.

ಅಧಿಕಾರಿಯೇ ನನಗೆ ಫೋನ್ ಮಾಡಿದರು. “ಕಾಕಾ, ನಿಮ್ಮ ಹುಡುಗ ಎಲ್ಲಿ?”

“ನಿಮ್ಮ ಬಾಗಿಲ ಹೊರಗೆ. ಸ್ಟೂಲಿನ ಮೇಲೆ.”

ಡಿಸೆಂಬರ್ ಮೂವತ್ತರಂದು ಆದೇಶವಾಯಿತು. ಖಾಯಂ. ಒಂದು ಷರತ್ತು: ತಿಂಗಳೊಳಗೆ ಸೈಕಲ್ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ಆದೇಶ ರದ್ದು. ಅವನು ಸಹಿ ಮಾಡಿ ಸೈಕಲ್ಲನ್ನೂ, ಅದರ ಬೀಗವನ್ನೂ, ತಾಬೆ ಪುಸ್ತಕವನ್ನೂ ತನ್ನ ವಶಕ್ಕೆ ತೆಗೆದುಕೊಂಡ. ಸಮಿತಿಗೆ ಅವನ ಹೆಸರು ಹೋಯಿತು.

ಜನವರಿ ಕೊನೆಗೆ ಪರೀಕ್ಷೆ. ನಾನೂ ಹುಡುಗಿಯೂ ಹೋದೆವು. ಅಂಗಳದಲ್ಲಿ ಸುಣ್ಣದಿಂದ ಗೆರೆ ಎಳೆದಿದ್ದರು. ಎಲ್ಲ ಮಹಡಿಯ ಗುಮಾಸ್ತರೂ ಕಿಟಕಿಯಲ್ಲಿದ್ದರು.

“ಸೈಕಲ್ ತೆಗಿ,” ಎಂದರು ಅಧಿಕಾರಿ.

“ಯಾರಿಗೆ ಬೇಕ್ರಿ ಸಾಹೇಬ್ರ?” ಎಂದ ಅವನು. ಕೈಯಲ್ಲಿ ತಾಬೆ ಪುಸ್ತಕ.

“ಯಾರಿಗೆ ಅಂದ್ರೆ? ನಿನಗೇ!”

“ನನಗ ಕೊಡಾಕ ಬರೂದಿಲ್ರಿ.” ಪುಸ್ತಕದ ಮೊದಲ ಪುಟ ತೆರೆದು, ಅದರ ಮೇಲೆ ಬೆರಳಿಟ್ಟು ಹಿಡಿದ. “ಓದ್ರಿ. ಓಡಿಸಲು ಬಾರದವರಿಗೆ ಕಚೇರಿಯ ವಾಹನ ಕೊಡಬಾರದು, ಕೊಟ್ಟರೆ ತಾಬೆ ಹೊಂದಿದವನೇ ಹೊಣೆ. ತಾಬೆ ನಂದ ಐತಿ. ನನಗ ಸೈಕಲ್ ಬರೂದಿಲ್ಲ. ಹೆಂಗ ಕೊಡ್ಲಿ?”

ಹುಡುಗಿ ನನ್ನ ತೋಳು ಹಿಡಿದುಕೊಂಡಳು. “ಅಂಕಲ್, ಆಫೀಸರ್ ಮುಖ ಹೇಗಿದೆ?”

“ಫೈಲಿನ ಹಾಗಿದೆ.”

ಅಧಿಕಾರಿ ಆ ಪುಟವನ್ನು ಎರಡು ಸಲ ಓದಿದರು. ಹೆಡ್ ಕ್ಲರ್ಕಿಗೆ ಕೊಟ್ಟರು. ಅವರೂ ಓದಿದರು. “ನಿಯಮ ಇದೆ ಸರ್,” ಎಂದರು. ಅಧಿಕಾರಿ ಅಲ್ಲೇ ನಿಂತು ಆದೇಶದ ಕೆಳಗೆ ಬರೆದರು. ವಾಹನ ಲಭ್ಯವಿಲ್ಲದ ಕಾರಣ ಪರೀಕ್ಷೆಯ ಷರತ್ತು ಕೈಬಿಡಲಾಗಿದೆ.

ಸೈಕಲ್ಲಿನ ಕಾಗದ ಇನ್ನೂ ಬಿಚ್ಚಿಲ್ಲ. ಬೆಳಿಗ್ಗೆ ಅವನು ಅದನ್ನು ಒರೆಸುತ್ತಾನೆ.