ಒಂದು ಸ್ಕೋರು, ಇಬ್ಬರು ಮಹದೇವಸ್ವಾಮಿಗಳು

ಮನುಷ್ಯನಿಗೆ ಹೆಮ್ಮೆಪಟ್ಟುಕೊಳ್ಳಲು ಏನಾದರೊಂದು ಇರಬೇಕು. ಕೆಲವರಿಗೆ ಹಾಡಲು ಬರುತ್ತದೆ, ಕೆಲವರಿಗೆ ತಲೆತುಂಬ ಕೂದಲಿರುತ್ತದೆ, ಇನ್ನು ಕೆಲವರು ಎಲ್ಲಿ ಹೋದರೂ ತಮ್ಮ ಮಕ್ಕಳ ಅಂಕಪಟ್ಟಿಯ ಸುದ್ದಿ ತೆಗೆಯುತ್ತಾರೆ. ಇದಾವುದೂ ಇಲ್ಲದ ನನಗೆ ಇದ್ದದ್ದು ಒಂದು ಕ್ರೆಡಿಟ್ ಸ್ಕೋರು, ಅಂದರೆ ಸಾಲ ತೀರಿಸುವ ನಿಯತ್ತಿಗೆ ಸಿಗುವ ಅಂಕ. ಎಂಟುನೂರ ಹನ್ನೆರಡು. ಒಂಬೈನೂರಕ್ಕೆ ಎಂಟುನೂರ ಹನ್ನೆರಡು ಅಂದರೆ ಹುಡುಗಾಟವಲ್ಲ. ರಸಾಯನಶಾಸ್ತ್ರ ಪಾಠ ಮಾಡಿ ಹೊಟ್ಟೆ ಹೊರೆಯುವ ನನಗೆ ರಸಾಯನಶಾಸ್ತ್ರದಲ್ಲೇ ಆ ದರ್ಜೆಯ ಅಂಕ ಬಂದಿರಲಿಲ್ಲ. ತಿಂಗಳಿಗೊಮ್ಮೆ ಬೆಳಗಿನ ಕಾಫಿಯನ್ನು ಪಕ್ಕಕ್ಕಿಟ್ಟು ಫೋನಿನಲ್ಲಿ ಆ ಅಂಕಿಯನ್ನು ನೋಡುವುದು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡುವುದು, ಆಮೇಲೆ ಆರಿದ ಕಾಫಿಯನ್ನು ಸಂತೋಷದಿಂದ ಕುಡಿಯುವುದು ನನ್ನ ಪದ್ಧತಿಯಾಗಿತ್ತು.

ಈ ಅಂಕಿಗಾಗಿ ನಾನು ಪಟ್ಟ ಪಾಡು ನನ್ನ ಹೆಂಡತಿ ಗಿರಿಜಾಗೆ ಗೊತ್ತು. ಕ್ರೆಡಿಟ್ ಕಾರ್ಡಿನ ಬಿಲ್ಲನ್ನು ಕೊನೆಯ ದಿನದವರೆಗೆ ನಾನು ಎಂದೂ ಬಿಟ್ಟವನಲ್ಲ. ಕಾರ್ಡಿನ ಮಿತಿಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಖರ್ಚು ಮಾಡಬಾರದೆಂದು ಎಲ್ಲೋ ಓದಿದ ಮೇಲೆ ದೀಪಾವಳಿಯ ಸೀರೆಯನ್ನೂ ಬಿಲ್ಲಿನ ತಾರೀಖು ದಾಟಿದ ನಂತರವೇ ಕೊಡಿಸಿದ್ದೆ. "ಸೀರೆ ತಗೊಳ್ಳೋಕೆ ರಾಹುಕಾಲ ನೋಡೋರನ್ನ ನೋಡಿದೀನಿ, ಬಿಲ್ಲಿನ ತಾರೀಖು ನೋಡೋರು ನೀವೊಬ್ರೇ ಕಣ್ರೀ" ಎಂದಿದ್ದಳು. ಸ್ಟಾಫ್ ರೂಮಿನಲ್ಲಂತೂ ಹೊಸದಾಗಿ ಸೇರಿದ ಉಪನ್ಯಾಸಕರಿಗೆಲ್ಲ ನಾನೇ ಗುರು. ಹಳೆಯ ಕಾರ್ಡನ್ನು ರದ್ದು ಮಾಡಬೇಡಿ, ಕಂತು ತಪ್ಪಿಸಬೇಡಿ, ಸಾಲಕ್ಕೆಂದು ಕಂಡಕಂಡ ಬ್ಯಾಂಕಿಗೆ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಗೂ ಸ್ಕೋರು ಸ್ವಲ್ಪ ಇಳಿಯುತ್ತದೆ, ಎಂದೆಲ್ಲ ಉಪದೇಶ ಮಾಡುತ್ತಿದ್ದೆ. ಅವರು ಕೇಳಿಸಿಕೊಳ್ಳುತ್ತಾ ತಮ್ಮ ಫೋನು ನೋಡುತ್ತಿದ್ದರು.

ಇಷ್ಟು ವರ್ಷ ಸಾಕಿದ ಸ್ಕೋರನ್ನು ದುಡಿಸಿಕೊಳ್ಳುವ ಕಾಲ ಬಂತು. ಕುಂಬಾರಕೊಪ್ಪಲಿನ ಬಾಡಿಗೆ ಮನೆ ಬಿಟ್ಟು ಶ್ರೀರಾಂಪುರದಲ್ಲಿ ಒಂದು ಸ್ವಂತ ಮನೆ ಕೊಳ್ಳುವುದೆಂದು ತೀರ್ಮಾನಿಸಿದೆವು. ಚಿಕ್ಕ ಮನೆ, ಮುಂದೆ ಒಂದು ನುಗ್ಗೆ ಮರ, ಅಡುಗೆಮನೆಗೆ ಪೂರ್ವದ ಬೆಳಕು. ಆ ಬೆಳಕು ನೋಡಿಯೇ ಗಿರಿಜಾ ಒಪ್ಪಿದ್ದು. ಮಾರುವವರು ಕೆಲಸದ ಮೇಲೆ ಊರು ಬಿಡುವವರು, ಅವಸರದಲ್ಲಿದ್ದರು. ತಿಂಗಳ ಕೊನೆಯೊಳಗೆ ರಿಜಿಸ್ಟರ್ ಆಗದಿದ್ದರೆ ಮುಂಗಡ ವಾಪಸು ಕೇಳುವಂತಿಲ್ಲ ಎಂದು ಕರಾರಿನಲ್ಲಿ ಬರೆಸಿದರು. ನಾನು ನಗುನಗುತ್ತಾ ಸಹಿ ಹಾಕಿದೆ. ಆ ಮುಂಗಡದಲ್ಲಿ ಬಹುಪಾಲು ಗಿರಿಜಾ ಚೀಟಿ ಹಾಕಿ, ಟ್ಯೂಷನ್ ಹೇಳಿ ಕೂಡಿಸಿದ್ದು. "ಸಾಲ ಸಿಗತ್ತೆ ತಾನೆ?" ಎಂದು ಅವಳು ಒಂದೇ ಒಂದು ಸಲ ಕೇಳಿದಳು. "ನನಗೆ ಕೊಡದೆ ಇನ್ಯಾರಿಗೆ ಕೊಡ್ತಾರೆ?" ಎಂದೆ. ಬಡ್ಡಿ ಎಲ್ಲಿ ಕಡಿಮೆ ಎಂದು ತಿಳಿಯಲು ಐದಾರು ಬ್ಯಾಂಕುಗಳಿಗೆ ಅರ್ಜಿ ಹಾಕಿದೆ. ಸ್ಟಾಫ್ ರೂಮಿನ ಉಪದೇಶ ಆಗ ನೆನಪಾಗಲಿಲ್ಲ. ಓಡಾಟದಲ್ಲಿ ಎರಡು ತಿಂಗಳಿಂದ ಫೋನಿನಲ್ಲಿ ಸ್ಕೋರನ್ನೂ ನೋಡಿರಲಿಲ್ಲ. ಎಲ್ಲಿ ಹೋಗುತ್ತದೆ ಅದು?

ಕೊನೆಗೆ ಆರಿಸಿಕೊಂಡ ಬ್ಯಾಂಕಿನಲ್ಲಿ ಸಾಲದ ವಿಭಾಗದ ಅಧಿಕಾರಿಣಿ, ಮೃದು ಮಾತಿನ ಹೆಣ್ಣುಮಗಳು, ನನ್ನ ಕಾಗದಗಳನ್ನು ನೋಡಿ ಕಂಪ್ಯೂಟರಿನಲ್ಲಿ ಏನೋ ಒತ್ತಿದರು. ಅವರ ಮುಖದ ನಗು ಮೆಲ್ಲಗೆ ಕಡಿಮೆಯಾಯಿತು. "ಸರ್, ನಿಮ್ಮ ಸ್ಕೋರು ಆರುನೂರ ಹದಿನಾಲ್ಕಿದೆ" ಎಂದರು.

"ಎಂಟುನೂರ ಹನ್ನೆರಡು" ಎಂದು ತಿದ್ದಿದೆ, ವಿದ್ಯಾರ್ಥಿಗಳನ್ನು ತಿದ್ದುವ ಹಾಗೆ.

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಬೈಕ್ ಲೋನ್ ಯಾಕೆ ಸರ್ ಕಟ್ಟಿಲ್ಲ? ಎರಡು ಕಂತು ಬಾಕಿ ಇದೆ."

"ಮೇಡಂ, ನನಗೆ ಗೇರಿರೋ ಬೈಕ್ ಓಡಿಸೋಕೇ ಬರಲ್ಲ."

"ಓಡಿಸೋಕೆ ಬರಲೇಬೇಕು ಅಂತೇನಿಲ್ಲ ಸರ್, ತಗೊಂಡ್ರೆ ಸಾಕು" ಎಂದರು ಅವರು. ಈ ಸ್ಥಿತಿಯಲ್ಲಿ ಅರ್ಜಿ ಮುಂದೆ ಹೋಗುವುದಿಲ್ಲವೆಂದೂ ಹೇಳಿದರು. ಪಕ್ಕದ ಕುರ್ಚಿಯಲ್ಲಿದ್ದ ಗಿರಿಜಾ ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡಳು. ಬ್ಯಾಂಕಿನ ಮೆಟ್ಟಿಲು ಇಳಿದೆವು, ಬಸ್ಸು ಹತ್ತಿದೆವು, ಮನೆಗೆ ಬಂದೆವು. ಹುಳಿಗೆ ಒಗ್ಗರಣೆ ಹಾಕುತ್ತಾ, ನನ್ನ ಕಡೆ ತಿರುಗದೆಯೇ ಕೇಳಿದಳು: "ಬೈಕ್ ಯಾರಿಗೆ ಕೊಡಿಸಿದ್ರಿ?"

ನನ್ನಂಥವನ ಮೇಲೆ ಅಂಥದೊಂದು ಅನುಮಾನ ಬಂದದ್ದು ಒಂದು ಕ್ಷಣ ಹಿತವಾಗಿತ್ತೆಂದು ಸುಳ್ಳು ಹೇಳದೆ ಒಪ್ಪಿಕೊಳ್ಳುತ್ತೇನೆ. ಮರುಕ್ಷಣವೇ ಮುಂಗಡದ ನೆನಪಾಯಿತು. ಸಾಲದ ಪೂರ್ತಿ ವರದಿಯನ್ನು ತೆಗೆಸಿ ಮೊದಲ ಬಾರಿಗೆ ಕೊನೆಯ ಸಾಲಿನವರೆಗೆ ಓದಿದೆ. ಇಷ್ಟು ವರ್ಷವೂ ನಾನು ಮೇಲಿನ ಅಂಕಿಯನ್ನಷ್ಟೇ ನೋಡಿ ಖುಷಿಪಟ್ಟಿದ್ದೆ. ಕೆಳಗೆ ಏನು ಬರೆದಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಅಲ್ಲಿ ನನ್ನ ವಿಳಾಸದ ಜೊತೆಗೆ ಇನ್ನೊಂದು ವಿಳಾಸವಿತ್ತು: ಇಲವಾಲ, ಹುಣಸೂರು ರಸ್ತೆ. ಇಲವಾಲದಲ್ಲಿ ನಾನು ಒಂದು ದಿನವೂ ಇದ್ದವನಲ್ಲ.

ಇಲ್ಲಿ ನನ್ನ ಹೆಸರಿನ ಬಗ್ಗೆ ಹೇಳಬೇಕು. ನಾನು ಮಹದೇವಸ್ವಾಮಿ, ತಂದೆ ಸಿದ್ದಪ್ಪ. ನಮ್ಮ ಕಡೆಯ ಮದುವೆಯ ಊಟದ ಪಂಕ್ತಿಯಲ್ಲಿ ಮಹದೇವಸ್ವಾಮಿ ಎಂದು ಕೂಗಿದರೆ ಕಡಿಮೆಯೆಂದರೆ ನಾಲ್ಕು ಜನ ಎಲೆಯಿಂದ ತಲೆಯೆತ್ತುತ್ತಾರೆ. ಹುಟ್ಟಿದ ದಿನವೂ ಹಾಗೆಯೇ. ನಾನು ಹುಟ್ಟಿದ್ದು ಕಾರ್ತಿಕ ಮಾಸದಲ್ಲಿ. ಆದರೆ ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಲೆಕ್ಕಕ್ಕೆ ಸುಲಭವೆಂದು ಜೂನ್ ಒಂದು ಎಂದು ಬರೆದುಕೊಂಡರು. ಆ ಕಾಲದ ಮೇಷ್ಟ್ರುಗಳ ದೆಸೆಯಿಂದ ನನ್ನ ವಾರಿಗೆಯವರಲ್ಲಿ ಅರ್ಧಕ್ಕರ್ಧ ಜನ ಜೂನ್ ಒಂದರಂದೇ ಹುಟ್ಟಿದವರು. ಇಲವಾಲದಲ್ಲಿ ಅಂಥವನೊಬ್ಬನಿದ್ದಾನೆ, ನನ್ನ ಹೆಸರಿನಲ್ಲಿ ಬೈಕು ಓಡಿಸುತ್ತಿದ್ದಾನೆ ಎಂದು ಗಿರಿಜಾಗೆ ವಿವರಿಸಿದೆ. "ಹಂಗಾದ್ರೆ ನಾನೂ ಬರ್ತೀನಿ, ಆ ಬೈಕ್ ನೋಡ್ಬೇಕು" ಎಂದಳು. ನನ್ನ ಮೇಲಿನ ಅನುಮಾನ ಇನ್ನೂ ಪೂರ್ತಿ ಹೋಗಿರಲಿಲ್ಲ.

ಮಾರನೆಯ ಬೆಳಗ್ಗೆ ಹುಣಸೂರು ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅವನಿಗೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಕಾನೂನು, ಪೊಲೀಸು, ಮಾನನಷ್ಟ ಎಲ್ಲ ಅದರಲ್ಲಿದ್ದವು. ವಿಳಾಸದ ಜಾಗದಲ್ಲಿ ರಸ್ತೆಗೆ ಅಂಟಿಕೊಂಡಂತೆ ಒಂದು ದೊಡ್ಡ ನರ್ಸರಿ ಇತ್ತು. ದಾಸವಾಳ, ಗುಲಾಬಿ, ಕಸಿ ಮಾವಿನ ಸಾಲುಗಳ ನಡುವೆ ಆರಡಿ ಎತ್ತರದ, ದಪ್ಪ ಮೀಸೆಯ ವ್ಯಕ್ತಿಯೊಬ್ಬರು ಪೈಪು ಹಿಡಿದು ನೀರು ಬಿಡುತ್ತಿದ್ದರು. ಅವರ ಎತ್ತರ ನೋಡಿ ನಾನು ಮಾನನಷ್ಟವನ್ನು ಕೈಬಿಟ್ಟೆ.

"ಮಹದೇವಸ್ವಾಮಿ ಅಂದ್ರೆ..." ಎಂದು ಶುರುಮಾಡಿದೆ.

"ನಾನೇ. ಏನ್ ಗಿಡ ಬೇಕಿತ್ತು?"

"ನಾನೂ ಮಹದೇವಸ್ವಾಮಿ. ಕುಂಬಾರಕೊಪ್ಪಲಿಂದ ಬಂದಿದೀನಿ."

ಅವರು ಪೈಪನ್ನು ಕೆಳಗೆ ಹಾಕಿದರು. ನೀರು ನನ್ನ ಬೂಟಿನ ಮೇಲೆ ಹರಿಯಿತು. "ಓ, ಬ್ಯಾಂಕ್ನೋರು ಏಳಿದ್ ಆವಯ್ಯ ನೀವೇನಾ? ನಾನೇ ಉಡ್ಕಂಡ್ ಬರೋವ್ನಿದ್ದೆ. ಎಷ್ಟ್ ಮನೆ ಸ್ವಾಮಿ ತಗೊತೀರಾ ನೀವು? ಗಿಡಗಳ್ ಮೇಲೆ ನೆರಳು ಬಲೆ ಆಕ್ಸಕ್ಕೆ ಸಾಲ ಕೇಳಕ್ಕೋದ್ರೆ, ಮೈಸೂರ್ನಲ್ಲಿರೋ ಬ್ಯಾಂಕ್ಗೆಲ್ಲಾ ಮನೆ ಸಾಲ ಕೇಳಿದೀರಲ್ಲ, ಎಷ್ಟ್ ಮನೆ ಕಟ್ತೀರಿ ಅಂತ ಕೇಳ್ತರೆ ಅವ್ರು. ಸಾಲಾನೂ ಕೊಡ್ಲಿಲ್ಲ, ಎಲ್ರ್ ಮುಂದೆ ಮಾನಾನೂ ತೆಗೆದ್ರು."

ನಾನು ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಅವರೇ ಆಡಿಬಿಟ್ಟಿದ್ದರು. ಅವರ ಧ್ವನಿ ಏರುತ್ತಿತ್ತು, ರಸ್ತೆಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಗಿರಿಜಾ ಮುಂದೆ ಬಂದು, "ಅಣ್ಣ, ಅದು ಬ್ಯಾಂಕಿನವರ ತಪ್ಪು. ನಿಮ್ಮ ಬೈಕಿನ ಸಾಲ ಇವರ ತಲೆ ಮೇಲೆ ಬಂದಿದೆ. ಎರಡು ಕಂತು ಬಾಕಿ ಅಂತೆ, ನಮಗೆ ಮನೆ ಕೈತಪ್ಪೋ ಹಂಗಾಗಿದೆ" ಎಂದಳು.

ಅವರ ಧ್ವನಿ ತಗ್ಗಿತು. "ಬಾಕಿನಾ?" ಎಂದರು. ನೀರಿನ ನಲ್ಲಿ ನಿಲ್ಲಿಸಿ ಬಂದು ಮತ್ತೆ, "ಬಾಕಿ ಐತಾ ಕಣಮ್ಮ?" ಎಂದರು. ಬೈಕನ್ನು ಅವರು ಹೊಸ ಅಳಿಯನಿಗಾಗಿ ತಮ್ಮ ಹೆಸರಿನಲ್ಲಿ ತೆಗೆದುಕೊಟ್ಟಿದ್ದರಂತೆ. ಕಂತು ನಾನೇ ಕಟ್ಟುತ್ತೇನೆ ಮಾವ ಎಂದು ಅಳಿಯ ಮಾತು ಕೊಟ್ಟಿದ್ದನಂತೆ. ಅಲ್ಲೇ ಫೋನು ತೆಗೆದು ಒತ್ತಿದರು. ನನ್ನ ಮೇಲೆ ಬಿದ್ದ ಸಿಡಿಲು ಈಗ ಆ ಹುಡುಗನ ಮೇಲೆ ಬೀಳುತ್ತದೆಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವರ ದನಿ ಇದ್ದಕ್ಕಿದ್ದಂತೆ ಬೆಣ್ಣೆಯಾಯಿತು. "ಏನಿಲ್ಲ ಕಣಪ್ಪ, ಸುಮ್ಕೆ ಮಾಡ್ದೆ. ತಿಂಡಿ ಆಯ್ತಾ? ಮಗ್ಳು ಚೆನ್ನಾಗವ್ಳಾ? ಸರಿ ಸರಿ, ಇಡ್ತೀನಿ." ಫೋನನ್ನು ಜೇಬಿಗೆ ಹಾಕಿಕೊಂಡು ಗುಲಾಬಿ ಗಿಡಗಳ ಕಡೆ ನೋಡುತ್ತಾ ನಿಂತರು. "ಎಣ್ಣು ಕೊಟ್ಟಿರೋ ಮನೆ. ಎಂಗೆ ಕೇಳದು ಏಳಿ" ಎಂದರು. ಬಾಕಿಯನ್ನು ಆ ದಿನವೇ ತಾವೇ ಕಟ್ಟಿದರು. ನಮಗೆ ಕಾಫಿ ಕೊಡದೆ ಕಳಿಸಲಿಲ್ಲ. ಬೈಕನ್ನು ನೋಡದೆ ಇದ್ದರೂ ಗಿರಿಜಾಳ ಅನುಮಾನ ಬಗೆಹರಿಯಿತು.

ಆಮೇಲಿನ ದಿನಗಳು ಹೇಗೆ ಕಳೆದವೋ. ಇಬ್ಬರು ಮಹದೇವಸ್ವಾಮಿಗಳೂ ಪ್ಯಾನ್ ಕಾರ್ಡು, ಆಧಾರ್ ಹಿಡಿದು ಆ ಅಧಿಕಾರಿಣಿಯ ಮುಂದೆ ಕೂತೆವು. ಅವರು ನಮ್ಮಿಬ್ಬರನ್ನೂ ನೋಡಿ, ಕಾರ್ಡುಗಳಲ್ಲಿ ಒಂದೇ ಹೆಸರು, ಒಂದೇ ಹುಟ್ಟಿದ ದಿನ ಇರುವುದನ್ನು ನೋಡಿ, ಅರ್ಥ ಮಾಡಿಕೊಂಡು ದೂರು ದಾಖಲಿಸಿಕೊಟ್ಟರು. ವರದಿ ಸರಿಪಡಿಸಲು ಸಮಯ ಹಿಡಿಯುತ್ತದೆ ಎಂದರು. ತಿಂಗಳ ಕೊನೆ ಹತ್ತಿರವಾಗುತ್ತಿತ್ತು. ಮಾರುವವರು ಫೋನು ಮಾಡಿ, ಪೂರ್ತಿ ದುಡ್ಡು ಕೈಯಲ್ಲೇ ಹಿಡಿದುಕೊಂಡು ಇನ್ನೊಬ್ಬರು ಬಂದಿದ್ದಾರೆ ಎಂದರು. ತರಗತಿಯಲ್ಲಿ ಆಮ್ಲಕ್ಕೆ ಪ್ರತ್ಯಾಮ್ಲದ ಗುಣ ಹೇಳಿ ಹುಡುಗಿಯರಿಂದ ತಿದ್ದಿಸಿಕೊಂಡೆ. ಊಟ ಸೇರುತ್ತಿರಲಿಲ್ಲ. ಶ್ರೀರಾಂಪುರಕ್ಕೆ ಹೋಗಿ ಮಾತಾಡುವ ಧೈರ್ಯ ನನಗೆ ಬರಲಿಲ್ಲ. ಗಿರಿಜಾ ಒಬ್ಬಳೇ ಹೋದಳು. ಮಾರುವವರ ಹೆಂಡತಿಯ ಜೊತೆ ಅದೇ ಅಡುಗೆಮನೆಯಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದಳಂತೆ. ಬೈಕಿನ ಅನುಮಾನದ ಸಂಗತಿ ಬಂದಾಗ ಆಕೆ ನಕ್ಕುಬಿಟ್ಟರಂತೆ. ಹತ್ತು ದಿನದ ಗಡುವು ಹೆಚ್ಚಾಗಿ ಸಿಕ್ಕಿತು. ಆ ಗಡುವೂ ಮುಗಿಯುತ್ತಾ ಬಂದಾಗ ಬ್ಯಾಂಕಿನಿಂದ ಕರೆ ಬಂತು: ವರದಿ ಸರಿಯಾಗಿದೆ, ಇಬ್ಬರು ಮಹದೇವಸ್ವಾಮಿಗಳೂ ಬನ್ನಿ.

ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗಿರಿಜಾಳ ಜೊತೆ ಹೋದೆ, ಇಲವಾಲದವರೂ ಬಂದಿದ್ದರು. ನನ್ನ ಎಂಟುನೂರ ಹನ್ನೆರಡು ಮರಳಿ ಬರುವ ದಿನ. ಅಧಿಕಾರಿಣಿ ಪರದೆ ತಿರುಗಿಸಿದರು. ಏಳುನೂರ ಹತ್ತು ಎಂದಿತ್ತು.

"ಇನ್ನೂ ಪೂರ್ತಿ ಸರಿಯಾಗಿಲ್ಲ ಅನ್ಸತ್ತೆ ಮೇಡಂ" ಎಂದೆ.

"ಪೂರ್ತಿ ಸರಿಯಾಗಿದೆ ಸರ್. ಇವರದೊಂದು ಹಳೇ ಟ್ರಾಕ್ಟರ್ ಸಾಲ ಇತ್ತು, ಒಂದು ಕಂತೂ ತಪ್ಪದೆ ತೀರಿಸಿದಾರೆ. ಆಗಲೇ ಯಾರೋ ಪ್ಯಾನ್ ನಂಬರಿನ ಒಂದಂಕಿ ತಪ್ಪು ಬರೆದು ಅದು ನಿಮ್ಮ ಹೆಸರಿಗೆ ಸೇರ್ಕೊಂಡಿತ್ತು. ನಿಮ್ಮ ಸ್ಕೋರು ಅಷ್ಟು ಚೆನ್ನಾಗಿದ್ದದ್ದು ಆ ಸಾಲದಿಂದ. ಈಗ ಅದು ಅವರಿಗೆ ವಾಪಸ್ ಹೋಯ್ತು. ನಿಮ್ಮದು ಅಂತ ಉಳಿದಿರೋದು ಒಂದು ಕಾರ್ಡು, ಒಂದು ಫ್ರಿಜ್ಜಿನ ಸಾಲ, ಮತ್ತೆ ಈಚೆಗೆ ಹಾಕಿದ ಐದಾರು ಅರ್ಜಿ."

ಇಲವಾಲದವರು ಕುತೂಹಲದಿಂದ ಮುಂದೆ ಬಗ್ಗಿ, "ನಂದೆಷ್ಟೈತೆ?" ಎಂದು ಕೇಳಿದರು. ಬೈಕಿನ ಕಂತು ತಡವಾದ ಕಲೆ ಇದ್ದರೂ ಅವರದು ನನ್ನದಕ್ಕಿಂತ ಹೆಚ್ಚಿತ್ತು. ಅವರಿಗೆ ನನ್ನ ಬಗ್ಗೆ ಅಯ್ಯೋ ಅನ್ನಿಸಿರಬೇಕು, ಬೆನ್ನು ತಟ್ಟಿದರು. ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು.

ಸಾಲ ಸಿಕ್ಕಿತು. ಬಡ್ಡಿ ಸ್ವಲ್ಪ ಹೆಚ್ಚು, ಆದರೂ ಸಿಕ್ಕಿತು. ಗಡುವಿಗೆ ಒಂದು ದಿನ ಮುಂಚೆ ಮನೆ ರಿಜಿಸ್ಟರ್ ಆಯಿತು. ಗೃಹಪ್ರವೇಶಕ್ಕೆ ಇಲವಾಲದಿಂದ ಒಂದು ಗಾಡಿ ಗಿಡಗಳು ಬಂದವು. ಅವರಿಗೂ ನೆರಳು ಬಲೆಯ ಸಾಲವಾಯಿತು. ಅದಕ್ಕಿಂತ ಹೆಚ್ಚಾಗಿ ಅವರಿಗೆ ಸ್ಕೋರಿನ ರುಚಿ ಹತ್ತಿತು. ಮಗಳಿಂದ ಫೋನಿನಲ್ಲಿ ಅದನ್ನು ನೋಡುವುದು ಕಲಿತು, ಈಗ ಪ್ರತಿ ತಿಂಗಳೂ ಬೆಳಗ್ಗೆ ನನಗೆ ಕರೆ ಮಾಡಿ ತಮ್ಮ ಅಂಕಿ ಹೇಳುತ್ತಾರೆ, ನನ್ನದನ್ನು ಕೇಳುತ್ತಾರೆ, ಎರಡಕ್ಕೂ ಇರುವ ಅಂತರವನ್ನು ಗಟ್ಟಿಯಾಗಿ ಕಳೆದು ತೋರಿಸುತ್ತಾರೆ. ಮೊನ್ನೆ ನಾನು ಹೊಸ ಟಿ.ವಿ.ಯೊಂದನ್ನು ಕಂತಿನಲ್ಲಿ ತೆಗೆದುಕೊಳ್ಳುವ ಯೋಚನೆಯಲ್ಲಿದ್ದೇನೆ ಎಂದು ಬಾಯಿಬಿಟ್ಟೆ.

"ನೋಡ್ಕೊಂಡ್ ಮಾಡಿ ಸ್ವಾಮಿ" ಎಂದರು. "ನಿಮ್ಮೆಸ್ರು ಕೆಡ್ಸ್ಕೋಬ್ಯಾಡಿ. ನಂದೂ ಅದೇ ಎಸ್ರು."

ಟಿ.ವಿ.ಯ ಯೋಚನೆ ಬಿಟ್ಟಿದ್ದೇನೆ.