ರೊಟ್ಟಿಗಾಲಿನ ಛತ್ರಿ ಸಿಪಾಯಿ

ನನ್ನ ಮೈದುನ ನೆಲದ ಮೇಲೆ ನಡೆದದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಒಂದೋ ಏನನ್ನಾದರೂ ಏರುತ್ತಿದ್ದ, ಇಲ್ಲವೇ ಅದರ ಮೇಲಿಂದ ಜಿಗಿಯುತ್ತಿದ್ದ. ಏರುವುದಕ್ಕೂ ಜಿಗಿಯುವುದಕ್ಕೂ ನಡುವೆ ಬಿಡುವು ಸಿಕ್ಕರೆ ಊಟ ಮಾಡುತ್ತಿದ್ದ, ಅದೂ ನಿಂತುಕೊಂಡೇ! ಇಂಥವನನ್ನು ಸಾಕಿದ ಮನೆಯಲ್ಲಿ ಒಂದು ಗಡಿಗೆಯಾದರೂ ಒಡೆಯದೆ ಉಳಿದಿದ್ದರೆ ಅದು ಗುಡ್ಡಾಪುರದ ದೇವಿ ದಾನಮ್ಮನ ಕೃಪೆಯೇ ಹೊರತು ನಮ್ಮ ಜಾಣತನವಲ್ಲ.

ನಾನು ಯಳವಿ ಊರಿಗೆ ಸೊಸೆಯಾಗಿ ಬಂದಾಗ ಜತ್ತದ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸತು. ಆಗ ಅವನೂ ಉಳಿದ ಹುಡುಗರಂತೆಯೇ ಇದ್ದ. ಶಾಲೆಗೆ ಹೋಗೆಂದರೆ ಹೊಲಕ್ಕೆ ಹೋಗುವನು, ಹೊಲಕ್ಕೆ ಹೋಗೆಂದರೆ ಬಾವಿಗೆ. ಕೆಟ್ಟದ್ದು ಮೀಸೆ ಚಿಗುರುವ ವಯಸ್ಸಿನಲ್ಲಿ. ಕೆಡಿಸಿದ್ದು ಒಂದು ಟೊಪ್ಪಿಗೆ!

ನಮ್ಮ ಪಕ್ಕದ ಮನೆ ಪಿಂಜಾರ ಮಾಮಾನದು. ಹತ್ತಿ ಹಿಂಜಿ ಗಾದಿ ತುಂಬುವ ಕಸುಬು. ಅವನ ಅಣ್ಣನ ಮಗ ಫೌಜಿನಿಂದ ರಜೆಗೆ ಬಂದ. ತಲೆಯ ಮೇಲೆ ಒಂದು ಕಡೆಗೆ ವಾಲಿದ, ಎಲೆ ಅಡಿಕೆ ಹಾಕಿದ ಬಾಯಿಯಂಥ ಕೆಂಪು ಟೊಪ್ಪಿಗೆ. ನಮ್ಮ ಕಟ್ಟೆಯ ಮೇಲೆ ಕುಳಿತು ಅದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಹೇಳಿದ:

"ಇದು ಎಲ್ಲಾ ಸಿಪಾಯಿಗಳಿಗೂ ಕೊಡೂದಿಲ್ಲರಿ. ವಿಮಾನದಾಗಿಂದ ಜಿಗದವರಿಗೆ ಅಷ್ಟ."

"ಯಾಕ, ವಿಮಾನಕ್ಕ ನಿಚ್ಚಣಿಕಿ ಇರಂಗಿಲ್ಲೇನ?" ಎಂದರು ನಮ್ಮ ಯಜಮಾನರು.

ಅವನು ನಕ್ಕು ಎಲ್ಲವನ್ನೂ ಬಿಡಿಸಿ ಹೇಳಿದ. ಬೆನ್ನಿಗೆ ಒಂದು ಚೀಲ, ಅದರೊಳಗೆ ಮಡಿಸಿಟ್ಟ ದೊಡ್ಡ ಛತ್ರಿ. ಜಿಗಿದ ಮೇಲೆ ಅದು ತಲೆಯ ಮೇಲೆ ಬಿಚ್ಚಿಕೊಳ್ಳುತ್ತದೆ, ಸಿಪಾಯಿ ತೇಲುತ್ತ ವೈರಿಗಳ ನಡುವೆ ಇಳಿಯುತ್ತಾನೆ. ನಮ್ಮ ಅತ್ತೆಗೆ ಅನುಮಾನ.

"ಮತ್ತ ಛತ್ರಿ ಬಿಚ್ಚದಿದ್ರ?"

"ಬಿಚ್ಚದಿದ್ರ ಲಗೂನ ಇಳೀತೇವ್ರಿ, ಕಾಕೂ!"

ಕಟ್ಟೆಯೆಲ್ಲ ನಕ್ಕಿತು. ನಗದೆ ಇದ್ದವನು ಒಬ್ಬನೇ. ಬಾಯಿ ತೆರೆದುಕೊಂಡು ಆ ಟೊಪ್ಪಿಗೆಯನ್ನೇ ನೋಡುತ್ತಿದ್ದ ನನ್ನ ಮೈದುನ. ಒಂದು ನೊಣ ಒಳಗೆ ಹೋಗಿ ಬಂದರೂ ಅವನಿಗೆ ಗೊತ್ತಾಗಲಿಲ್ಲ.

ಮರುದಿನ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಅಡುಗೆಮನೆಯ ಮಾಳಿಗೆಗೆ ಒಂದು ಬೆಳಕಿಂಡಿ. ಬೆಳಕು ಬರಲಿ, ಹೊಗೆ ಹೋಗಲಿ ಎಂದು ಹಿರಿಯರು ಇಟ್ಟದ್ದು. ಇದ್ದಕ್ಕಿದ್ದಂತೆ ಬೆಳಕು ಹೋಯಿತು. ಮೋಡವಾಯಿತೇ ಎಂದು ತಲೆ ಎತ್ತಿದರೆ ಎರಡು ಕಾಲು! ಧಪ್ ಎಂದು ನಾನು ಹಿಟ್ಟು ನಾದುವ ಕೊಣಮಿಗೆಯ ಪಕ್ಕದಲ್ಲಿ ಬಿದ್ದವನು ಹಿಟ್ಟು ಬಡಿದ ಮೋರೆಯಲ್ಲೇ ನೆಟ್ಟಗೆ ನಿಂತು ಸಲಾಮು ಹೊಡೆದ.

"ಇಳದೆ, ವೈನಿ!"

"ಬಾಗಲಾ ಐತೆಲ್ಲೋ ಮನಿಗೆ!"

"ಬಾಗಲದಾಗಿಂದ ಎಲ್ಲಾರೂ ಬರತಾರ."

ಏನು ಹೇಳುತ್ತೀರಿ ಇದಕ್ಕೆ? ಹಂಚಿನ ಮೇಲಿನ ರೊಟ್ಟಿ ಹೊತ್ತಿರಲಿಲ್ಲ, ಪಕ್ಕದ ಹಾಲಿನ ಪಾತ್ರೆ ಉರುಳಿರಲಿಲ್ಲ. ದಾನಮ್ಮ ದೊಡ್ಡವಳು ಎಂದುಕೊಂಡು ಇನ್ನೊಂದು ರೊಟ್ಟಿ ಬಡಿದೆ.

ಬರಿಗೈಯಲ್ಲಿ ಇಳಿಯುವುದು ಬೇಸರವಾದಾಗ ಅವನಿಗೆ ಛತ್ರಿ ಬೇಕಾಯಿತು. ಅತ್ತೆಯ ಇಳಕಲ್ ಸೀರೆ, ಮಡಿಸಿ ಪೆಟ್ಟಿಗೆಯಲ್ಲಿಟ್ಟದ್ದು, ಒಂದು ಗಾಳಿಯ ದಿನ ಮಾಳಿಗೆ ಏರಿತು. ಅದರ ತುದಿಗಳನ್ನು ಸೊಂಟಕ್ಕೆ ಬಿಗಿದುಕೊಂಡು "ಜೈ!" ಎಂದು ಜಿಗಿದನಂತೆ. ಬೀಳಬೇಕಾದದ್ದು ನಮ್ಮ ಹಿತ್ತಲಿನ ಮೇವಿನ ಬಣವೆಯ ಮೇಲೆ. ಗಾಳಿ ನೂಕಿತೋ, ಅವನೇ ಹಾಗೆ ಹಾರಿದನೋ, ಬಿದ್ದದ್ದು ಪಿಂಜಾರ ಮಾಮಾ ಆಗಷ್ಟೇ ಹಿಂಜಿ ಒಟ್ಟಿದ ಹತ್ತಿಯ ರಾಶಿಯೊಳಗೆ! ಮಾಮಾ ನಡುಗುತ್ತ ನಮ್ಮ ಬಾಗಿಲಿಗೆ ಬಂದ.

"ಯಾ ಅಲ್ಲಾ! ಬೆಳ್ಳಗ, ಮ್ಯಾಲಿಂದ ಇಳೀತು. ದೇವರ ದೂತ, ಫರಿಷ್ತಾನ ಬಂದ ಅಂತ ಕೈ ಮುಗದೆ, ಅಕ್ಕಾ. ಒಳಗಿಂದ 'ಮಾಮಾ, ಎತ್ತೋ' ಅಂತು. ನೋಡಿದ್ರ ನಿಮ್ಮ ಹುಡುಗ!"

"ಫರಿಷ್ತಾ ಹಾಳಾಗಿ ಹೋಗ್ಲಿ, ನನ್ನ ಸೀರಿ ಎಲ್ಲೈತಿ?" ಎಂದರು ಅತ್ತೆ.

ಸೀರೆಯ ಅಂಚು ಹರಿದಿತ್ತು, ಸೆರಗು ಉಳಿದಿತ್ತು. ಸೆರಗು ಉಳಿದರೆ ಹೆಂಗಸಿಗೆ ಅರ್ಧ ಸೀರೆ ಉಳಿದಂತೆ. ಅದೂ ಒಂದು ಪುಣ್ಯವೇ.

ಆಮೇಲೆ ಎದೆಯ ಸರದಿ. ಫೌಜಿಗೆ ಆಳು ಆರಿಸುವ ಭರತಿಯಲ್ಲಿ ಎದೆ ಅಳೆಯುತ್ತಾರೆ, ಉಸಿರು ತುಂಬಿದರೆ ಅದು ಎರಡು ಇಂಚು ಉಬ್ಬಬೇಕು ಎಂದು ಆ ಕೆಂಪು ಟೊಪ್ಪಿಗೆಯವನು ಹೇಳಿ ಹೋಗಿದ್ದ. ಅಂದಿನಿಂದ ನಮ್ಮವನು ಉಸಿರು ಎಳೆದುಕೊಂಡನೆಂದರೆ ಬಿಡುವ ಮಾತೇ ಇಲ್ಲ! ಕಣ್ಣು ಹೊರಗೆ, ಗುಂಡಿ ಹೊರಗೆ. ದಿನಾಲು ಅವನ ಅಂಗಿಗೆ ಗುಂಡಿ ಹಚ್ಚುವುದು ನನ್ನ ಸಂಜೆಯ ಕೆಲಸವಾಯಿತು. ಒಮ್ಮೆ ಮಠದ ಸ್ವಾಮಿಗಳು ಪಾದಪೂಜೆಗೆ ಬಂದರು. ಪ್ರೀತಿಯಿಂದ, "ಏನಪಾ, ಎಷ್ಟನೇ ಇಯತ್ತೆ?" ಎಂದು ಕೇಳಿದರು. ಇವನು ಉಬ್ಬಿಕೊಂಡು ನಿಂತೇ ಇದ್ದ. ಮಾತಿಲ್ಲ, ಕತೆಯಿಲ್ಲ.

"ಪಾಪ, ಹುಡುಗಗ ಬಾಯಿ ಬರೂದಿಲ್ಲೇನವಾ?" ಎಂದು ಮರುಗಿ, ಅವನ ಹಣೆಗೆ ಹಚ್ಚಲು ವಿಭೂತಿಯ ತಟ್ಟೆಯನ್ನು ಹತ್ತಿರ ಹಿಡಿದರು. ಅಲ್ಲಿಯವರೆಗೆ ತಡೆದಿದ್ದ ಎರಡೂ ಇಂಚು ಆಗಲೇ ಹೊರಗೆ ಬರಬೇಕೆ? ತಟ್ಟೆಯ ವಿಭೂತಿಯೆಲ್ಲ ಸ್ವಾಮಿಗಳ ಗಡ್ಡದಲ್ಲಿ! ಅವರು ದೊಡ್ಡವರು, ಸಿಟ್ಟಾಗಲಿಲ್ಲ. ಗಡ್ಡ ಕೊಡವಿಕೊಂಡು, "ಬಾಯಿ ಬರದಿದ್ರೇನಾತು, ಬಿರುಗಾಳಿ ಬರತೈತೆಲ್ಲ!" ಎಂದರು.

ನಾವು ನಗುತ್ತಿದ್ದೆವು, ಆದರೆ ಅತ್ತೆಯ ನಗು ಬರಬರುತ್ತ ಕಡಿಮೆಯಾಯಿತು. ಇವನು ತೊಟ್ಟಿಲಲ್ಲಿದ್ದಾಗಲೇ ಮಾವನವರು ಹೋದವರು. ಕೊನೆಯ ಮಗ. ಅವನು ಏರಿದಾಗ ಅವರ ಕೈಕೆಲಸ ನಿಲ್ಲುತ್ತಿತ್ತು, ಧಪ್ ಎಂದ ಮೇಲೆ ಮತ್ತೆ ಶುರುವಾಗುತ್ತಿತ್ತು. ಬೀಸುವ ಕಲ್ಲಿನ ಸದ್ದು ನಿಂತಿತೆಂದರೆ ಹುಡುಗ ಎಲ್ಲೋ ಎತ್ತರದಲ್ಲಿದ್ದಾನೆ ಎಂದು ನಾನು ತಿಳಿದುಕೊಳ್ಳುತ್ತಿದ್ದೆ.

ಭರತಿ ಮಿರಜಿನಲ್ಲಿ ಎಂದು ಗೊತ್ತಾದ ತಿಂಗಳು ಅಮಾವಾಸ್ಯೆಗೆ ಎಲ್ಲರೂ ಗುಡ್ಡಾಪುರಕ್ಕೆ ಹೋದೆವು. ದಾನಮ್ಮನ ಮುಂದೆ ತಾಯಿ, ಮಗ ಅಕ್ಕಪಕ್ಕದಲ್ಲೇ ಅಡ್ಡಬಿದ್ದರು. ಅತ್ತೆಯ ಪಿಸುಮಾತು ಎಂದರೆ ಮೂರು ಮನೆಗೆ ಕೇಳುತ್ತದೆ.

"ತಾಯಿ, ಫೌಜಿನವರು ಇವನ್ನ ಒಲ್ಲೆ ಅನ್ನಲಿ. ನಿನಗ ಹೋಳಿಗಿ ಎಡಿ ಮಾಡತೀನಿ."

ಮಗ ಅದಕ್ಕಿಂತ ಜೋರಾಗಿ: "ತಾಯಿ, ಹೂಂ ಅನ್ನಲಿ. ನೆಲಕ್ಕ ಮೈಚಾಚಿ ದೀಡ ನಮಸ್ಕಾರ ಹಾಕತೀನಿ."

"ಹೋಳಿಗಿ ಜೋಡಿ ತುಪ್ಪಾ, ತಾಯಿ!"

"ಊರ ಅಗಸಿ ಬಾಗಲದಿಂದ ಹಾಕತೀನಿ, ತಾಯಿ!"

ಹರಾಜು ಕೂಗಿದಂತೆ ಕೂಗುತ್ತಿದ್ದರೆ ಆ ತಾಯಿಯಾದರೂ ಏನು ಮಾಡಬೇಕು? ಹಿಂದೆ ನಿಂತ ನಾನು, 'ಏನಾದರೂ ಆಗಲಿ, ಹುಡುಗನ ಮೂಳೆ ಮುರಿಯದಿರಲಿ' ಎಂದಷ್ಟೇ ಕೇಳಿಕೊಂಡೆ. ಸಣ್ಣದನ್ನು ಬೇಡಿದರೆ ದೇವಿ ಬೇಗ ಕೊಡುತ್ತಾಳೆ, ಇದು ನನ್ನ ಅನುಭವ.

ಅಷ್ಟರಲ್ಲಿ ಕೆಂಪು ಟೊಪ್ಪಿಗೆಯವನು ಇನ್ನೊಂದು ರಜೆಗೆ ಬಂದ. ಭರತಿಯಲ್ಲಿ ಏನೇನು ನೋಡುತ್ತಾರೆಂದು ಇವನು ಕೇಳಿದ. ಎತ್ತರ ನೋಡುತ್ತಾರೆ, ಹಲ್ಲು ಎಣಿಸುತ್ತಾರೆ, ಕಣ್ಣು, ಕಿವಿ, ನಡಿಗೆ. ನಾನು ಒಳಗಿನಿಂದ ಕೇಳುತ್ತ ನಕ್ಕೆ. ಹೆಣ್ಣು ನೋಡಲು ಬಂದವರು ಮತ್ತೇನು ಮಾಡುತ್ತಾರೆ? ಹಾಡು ಹೇಳಿಸುವುದೊಂದು ಬಾಕಿ! ಕೊನೆಗೆ ಅವನು ಹೇಳಿದ:

"ತೊಯ್ದ ಕಾಲಲೆ ನಡಸತಾರ. ಹೆಜ್ಜಿ ನಡುವ ಕಮಾನು ಮೂಡಬೇಕು. ಚಪ್ಪಟ ಕಾಲಿನವಗ ದೌಡು ಆಗಂಗಿಲ್ಲ ಅಂತ ಹೊಳ್ಳಿ ಕಳಸತಾರ."

ನನ್ನ ನಗು ನಿಂತಿತು. ದಿನಾಲು ಸೆಗಣಿ ಸಾರಿಸುವವಳು ನಾನು. ಮನೆಯವರ ಮುಖಕ್ಕಿಂತ ಅವರ ಹೆಜ್ಜೆಗಳು ನನಗೆ ಹೆಚ್ಚು ಪರಿಚಯ. ಮೈದುನನ ಹೆಜ್ಜೆ? ಕಮಾನಿಲ್ಲ, ಕಿಂಡಿಯಿಲ್ಲ. ಹಿಮ್ಮಡಿಯಿಂದ ಬೆರಳಿನವರೆಗೆ ಒಂದೇ ಉದ್ದನೆಯ ರೊಟ್ಟಿ!

ಅವನನ್ನು ಹಿತ್ತಲಿಗೆ ಕರೆದೆ. ಹಸಿ ನೆಲದ ಮೇಲೆ ನಡೆಸಿ ತೋರಿಸಿದೆ. ಅವನ ಮುಖ ಇಳಿದುಹೋಯಿತು.

"ಮುಗೀತು ಬಿಡ್ರಿ, ವೈನಿ."

"ಮುಗಿಯಾಕ ಏನಾಗೈತಿ? ನನ್ನ ಕಾಲು ನೋಡು."

ನನ್ನದೂ ರೊಟ್ಟಿಯೇ. ನಮ್ಮ ಕಡೆ ಹೆಣ್ಣು ನೋಡುವಾಗ ತೊಯ್ದ ಕಾಲಲ್ಲಿ ನಡೆಸುವುದುಂಟು. ಚಪ್ಪಟೆ ಹೆಜ್ಜೆ ಮನೆ ನುಂಗುತ್ತದೆ ಎಂದು ಮಾತು. ನನ್ನ ತವರಿನಲ್ಲಿ ಅವ್ವ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದ್ದಳು: ಪಾದದ ಹೊರಗಿನ ಅಂಚಿನ ಮೇಲೆ ಭಾರ ಹಾಕಬೇಕು, ಬೆರಳು ಮುದುಡಬೇಕು, ಮುಖದಲ್ಲಿ ಮಾತ್ರ ನಾಚಿಕೆ ಇರಬೇಕು. ಅತ್ತೆ ನೋಡಲು ಬಂದ ದಿನ ರಂಗೋಲಿ ಬರೆದಂಥ ಹೆಜ್ಜೆ ಮೂಡಿಸಿದ್ದೆ! ಅವರು ಬಗ್ಗಿ ನೋಡಿ ತಲೆದೂಗಿದರು. ಅಷ್ಟರಲ್ಲಿ ನಮ್ಮ ಕರು ಹಗ್ಗ ಕಿತ್ತುಕೊಂಡು ಗದ್ದಲವಾಗಿ, ಎರಡನೆಯ ಸಲ ಯಾರೂ ನಡೆಸಲಿಲ್ಲ. ಆ ಕರುವಿಗೂ ನಾನು ಋಣಿ.

ಅಂದಿನಿಂದ ಹಿತ್ತಲಿನಲ್ಲಿ ನಮ್ಮ ಕವಾಯತು. "ಬೆರಳು ಮುದುಡು! ಅಂಚ ಮ್ಯಾಲ ಬಾ! ಸೊಂಟಾ ಯಾಕ ತಿರಗಸ್ತಿ?" "ನೀವ ಹಂಗ ತಿರಗಸಿದ್ರಿ, ವೈನಿ." "ನಾ ಮದಿವಿಗೆ ತಿರಗಸಿದ್ದೆ, ನೀ ದಂಡಿಗೆ ಹೊಂಟಿ!" ನಮ್ಮ ಯಜಮಾನರು ಇಣುಕಿ ನೋಡಿ, "ಇವನ್ನ ಸೈನ್ಯಕ್ಕ ಕಳಸಾಕತ್ತೇವೋ, ಗಂಡನ ಮನಿಗೋ?" ಎಂದು ಹೋದರು.

ಮಿರಜಿಗೆ ಅವನನ್ನು ಕರೆದುಕೊಂಡು ಹೋದವರೂ ಅವರೇ. ಅಲ್ಲಿ ನಡೆದದ್ದನ್ನು ಬಂದು ಹೇಳಿದವರೂ ಅವರೇ. ಎತ್ತರ ಸರಿ, ಹಲ್ಲು ಸರಿ, ಎದೆ ಎರಡಲ್ಲ, ಮೂರು ಇಂಚು ಉಬ್ಬಿತು. ತೊಯ್ದ ಕಾಲಲ್ಲಿ ಕಲ್ಲುಹಾಸಿನ ಮೇಲೆ ನಡೆದ. ಕಮಾನೆಂದರೆ ಕಮಾನು! ಡಾಕ್ಟರರು ಶಾಭಾಸ್ ಎಂದರು. ಇನ್ನು ಮಂಡಿ ನೋಡುವುದೊಂದು ಉಳಿದಿತ್ತು. ತೊಯ್ದ ಕಾಲಲ್ಲೇ ಎತ್ತರದ ಮೇಜಿನ ಮೇಲೆ ನಿಲ್ಲಿಸಿದರು, ಮಂಡಿ ತಟ್ಟಿ ನೋಡಿದರು, "ಆತು, ಇಳಿ" ಎಂದರು.

ಇಳಿ ಎಂದರೆ ಯಾರಾದರೂ ಇಳಿಯುತ್ತಾರೆ. ಮೇಜಿಗೆ ಒಂದು ಸ್ಟೂಲೂ ಇತ್ತಂತೆ. ಆದರೆ ಇವನು ಜೀವನದಲ್ಲಿ ಎಂದಾದರೂ ಇಳಿದಿದ್ದನೇ? ಉಸಿರು ಎಳೆದುಕೊಂಡ, ಕೈ ಮೇಲೆತ್ತಿದ, ಜಿಗಿದ!

ಧಪ್.

ಒಣ ಕಲ್ಲಿನ ಮೇಲೆ ಎರಡು ರೊಟ್ಟಿ.

ಡಾಕ್ಟರರು ನಡೆದ ಹೆಜ್ಜೆ ನೋಡಿದರು, ಜಿಗಿದ ಹೆಜ್ಜೆ ನೋಡಿದರು. "ಇವೆರಡೂ ಒಬ್ಬನ ಕಾಲೇನೋ? ನಡೆಯಲು ಯಾರು ಕಲಿಸಿದರು?" ಎಂದು ಮರಾಠಿಯಲ್ಲಿ ಕೇಳಿದರು. ಇವನು ಸಲಾಮು ಹೊಡೆದು ಹೇಳಿದ: "ನಮ್ಮ ವೈನಿ, ಸಾಹೇಬ್!"

ಅವರು ಬಹಳ ಹೊತ್ತು ನಕ್ಕರಂತೆ. ಆಮೇಲೆ ಅವನ ಬೆನ್ನು ತಟ್ಟಿ ಹೊರಗೆ ಕಳಿಸಿದರಂತೆ.

ಅತ್ತೆಯ ಹರಕೆ ಗೆದ್ದಿತು. ಸುದ್ದಿ ಕೇಳಿದ ತಕ್ಷಣ ಹೋಳಿಗೆಗೆ ಕಡಲೆಬೇಳೆ ನೆನೆಹಾಕಿದರು. ಆದರೆ ಹುಡುಗ ಬಂದವನೇ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತ. ಹೌದು, ಕುಳಿತ! ಊಟಕ್ಕೂ ಕುಳಿತ. ಬಾಗಿಲಿನಿಂದಲೇ ಹೋದ, ಬಾಗಿಲಿನಿಂದಲೇ ಬಂದ. ಮರುದಿನವೂ ಅಷ್ಟೇ. ಬೆಳಕಿಂಡಿಯಿಂದ ಬರೀ ಬೆಳಕು ಬೀಳುತ್ತಿತ್ತು. ಇಷ್ಟು ವರ್ಷ ಕುಂದ್ರೋ, ಕುಂದ್ರೋ ಎಂದು ಬಡಕೊಂಡವರಿಗೆ ಅವನು ಕುಳಿತದ್ದನ್ನು ನೋಡಲಾಗಲಿಲ್ಲ. ನನಗೆ ಒಲೆಯ ಮುಂದೆ ಕೈ ಓಡದು. ಅತ್ತೆ ಬೀಸುವ ಕಲ್ಲಿಗೆ ಕೂರುವರು, ಏಳುವರು, ಬಾಗಿಲಿಗೆ ಬರುವರು. ನೆನೆಹಾಕಿದ ಬೇಳೆ ಹುಳಿ ವಾಸನೆ ಹಿಡಿದು ಎಮ್ಮೆಯ ಬಾನಿಗೆ ಹೋಯಿತು. "ಹೋಳಿಗಿ ಆಮ್ಯಾಲೆ ಕೊಡತೀನಿ. ದಾನಮ್ಮಗ ತಿಳೀತೈತಿ," ಎಂದರು.

ಮೂರನೆಯ ಬೆಳಿಗ್ಗೆ ನಾನು ಎದ್ದು ನೋಡಿದರೆ ಅತ್ತೆಯೇ ಹಿತ್ತಲನ್ನೆಲ್ಲ ಸಾರಿಸಿದ್ದಾರೆ. ಮೊಣಕೈವರೆಗೆ ಸೆಗಣಿ. ಬಣವೆಯ ಬುಡದಲ್ಲಿ ನಿಂತು ಮಗನನ್ನು ಕರೆದರು.

"ಏರು."

"ಒಲ್ಲೆ ಬೇ, ಅವ್ವಾ."

"ಏರಂದ್ರ ಏರು. ನನ್ನ ಮಗನ ಕಾಲಿಗೆ ಹೆಸರಿಡಾಕ ಅವರ್ಯಾರು? ನೆಲಾ ತುಂಬ ಊರಿ ನಿಂದ್ರುವಂಥ ಕಾಲು ಅವು!"

ಅವನು ಒಲ್ಲದ ಮನಸ್ಸಿನಿಂದ ಏರತೊಡಗಿದ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಎಲ್ಲಾ ಮರಿಮಾಚಿದ್ವಿ, ಅತ್ತಿ, ಜಿಗದ ಕೆಡಿಸಿಕೊಂಡ," ಎಂದೆ. ಅವರು ಬಣವೆಯ ಮೇಲಿನ ಕಣ್ಣು ತೆಗೆಯದೆ ಹೇಳಿದರು:

"ನೀನೂ ಹಂಗ ಕೆಡಿಸಿಕೊಂಡಿದ್ದಿ."

"ನಾ?"

"ನಿನ್ನ ನೋಡಾಕ ಬಂದಾಗ. ಚಂದ ಅಂದ್ರ ಚಂದ ನಡದಿ. ಆಮ್ಯಾಲೆ ಕರು ಕಿತ್ತಗೊಂಡು ಓಡಿತು. ನಾವೆಲ್ಲಾ ಹಾ ಹೂ ಅನ್ನೂದ್ರಾಗ ನೀ ಕಟ್ಟಿ ಮ್ಯಾಲಿಂದ ಜಿಗದು ಅದರ ಹಗ್ಗಾ ಹಿಡದಿ. ನಿಮ್ಮವ್ವ ಸಾರಿಸಿದ್ದ ಅಂಗಳದಾಗ ಎರಡು ರೊಟ್ಟಿ ಮೂಡಿದ್ವು. ನೋಡೇನಿ."

ನಾನು ನನ್ನ ಕಾಲು ನೋಡಿಕೊಂಡೆ. ಇಷ್ಟು ವರ್ಷ ಈ ಮನೆಯಲ್ಲಿ ಅವರೆದುರು ಅಂಚಿನ ಮೇಲೆ ಎಚ್ಚರದಿಂದ ಹೆಜ್ಜೆ ಇಟ್ಟವಳು ನಾನು.

"ನೋಡಿ ಮತ್ತ ಯಾಕ ತಂದ್ರಿ, ಅತ್ತಿ?"

"ನೀ ಕರು ಹಿಡದಿದ್ದೆಲ್ಲ," ಎಂದರು.

ಮೇಲೆ ಅವನು ತುದಿಯಲ್ಲಿ ನಿಂತಿದ್ದ. ಮೊದಲು ಸುಮ್ಮನೆ ನಿಂತಿದ್ದ. ಆಮೇಲೆ ಎದೆ ಮೆಲ್ಲಗೆ ಉಬ್ಬಿತು, ನಾನು ಹಚ್ಚಿದ ಗುಂಡಿಯೊಂದು ಹಾರಿ ಎಲ್ಲೋ ಬಿತ್ತು. ಅತ್ತೆ ಸೆಗಣಿಗೈಯಿಂದಲೇ ನನ್ನ ರಟ್ಟೆ ಹಿಡಿದುಕೊಂಡರು. ನಾನೂ ಉಸಿರು ಬಿಗಿಹಿಡಿದು, ಎರಡೂ ಪಾದಗಳನ್ನು ಪೂರ್ತಿ ಊರಿ, ಅವರ ಪಕ್ಕದಲ್ಲಿ ಹಸಿ ನೆಲದ ಮೇಲೆ ನಿಂತು ಕಾದೆ.

ಧಪ್!