ಐದು ಕಿಲೋ ಬಟ್ಟು

ಹೊಸ ಏರ್‌ಪೋರ್ಟಿನ ಟಿಕೆಟ್ಟು ಅಷ್ಟು ಅಗ್ಗವಾಗಿರದಿದ್ದರೆ ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಹಳೆಯದರಿಂದಲೇ ಹೊರಟು, ಸಂಜೆಯೊಳಗೆ ಅಣ್ಣನ ಮುಖ ನೋಡಿರುತ್ತಿದ್ದ.

ಅತ್ತಿಗೆಯ ಫೋನು ಬಂದಾಗ ಬೆಳಿಗ್ಗೆ ಒಂಬತ್ತೂವರೆ. ಅವನು ಆಫೀಸಿನಲ್ಲಿ ಕುರ್ಚಿ ಒರೆಸಿಕೊಳ್ಳುತ್ತಿದ್ದ.

"ನಿಮ್ಮಣ್ಣಂಗೆ ಸಂಜೆ ಆರಕ್ಕೆ ಎದೆ ಆಪರೇಷನ್ ಕಣಪ್ಪ. ಡಾಕ್ಟರು ಯಾವುದಕ್ಕೂ ಭರವಸೆ ಕೊಡ್ತಿಲ್ಲ. ಒಳಗೆ ಹೋಗೋ ಮುಂಚೆ ನಿನಗೆ ಒಂದು ಮಾತು ಹೇಳ್ಬೇಕಂತೆ. ಫೋನಲ್ಲಿ ಹೇಳು ಅಂದ್ರೆ ಮುಖ ನೋಡಿ ಹೇಳೋ ಮಾತು ಅಂತಾರೆ. ಹೇಗಾದ್ರೂ ಮಾಡಿ ಬಾ."

ಅಣ್ಣ ಮಾತು ಬಿಟ್ಟು ಹತ್ತು ವರ್ಷವಾಗಿತ್ತು. ಕಾರಣ ನೂರು ಗ್ರಾಂ.

ಕೆಲಸಕ್ಕೆ ಸೇರಿದ ಮೊದಲ ತಿಂಗಳು, ತನಗೆ ತನ್ನವರು ಪರರು ಎಂಬ ಭೇದವಿಲ್ಲವೆಂದು ತೋರಿಸಲು ಇನ್ಸ್‌ಪೆಕ್ಟರ್ ನೇರ ಅಪ್ಪನ ದಿನಸಿ ಅಂಗಡಿಗೇ ತಪಾಸಣೆಗೆ ಹೋಗಿದ್ದ. ಇಲಾಖೆಯ ಐದು ಕಿಲೋ ಕಬ್ಬಿಣದ ಬಟ್ಟನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟ, ಅಪ್ಪನ ಐದು ಕಿಲೋ ಬಟ್ಟನ್ನು ಇನ್ನೊಂದರಲ್ಲಿ. ಅಪ್ಪನ ತಟ್ಟೆ ಮೇಲಕ್ಕೆದ್ದು ನಿಂತಿತು. ನೂರು ಗ್ರಾಂ ಕಡಿಮೆ. ಅಂಗಡಿಯಲ್ಲಿ ಏಳೆಂಟು ಗಿರಾಕಿಗಳಿದ್ದರು. ಅಪ್ಪ ಕೇಸಿನ ಕಾಗದಕ್ಕೆ ಸಹಿ ಹಾಕಿದ, ಅಂಗಡಿಯ ಬಾಗಿಲು ಎಳೆದ, ಮನೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದ. ಆರು ತಿಂಗಳಿಗೆ ತೀರಿಕೊಂಡ. "ಅಪ್ಪ ಕಳ್ಳ ಅಲ್ಲ" ಎಂದ ಅಣ್ಣ. "ತಕ್ಕಡಿ ಸುಳ್ಳು ಹೇಳಲ್ಲ" ಎಂದ ತಮ್ಮ. ಅಣ್ಣ ತಮ್ಮಂದಿರ ನಡುವೆ ನಡೆದ ಕೊನೆಯ ಸಂಭಾಷಣೆ ಅದು.

ಫೋನಿಟ್ಟು ತಿರುಗುವಷ್ಟರಲ್ಲಿ ಇಡೀ ಆಫೀಸು ಅವನ ಮೇಜಿನ ಸುತ್ತ ನೆರೆದಿತ್ತು. ಇಡೀ ಆಫೀಸು ಎಂದರೆ ಮೂರು ಜನ.

"ಹಳೆ ಏರ್‌ಪೋರ್ಟಿಗೆ ಹೋಗಿ. ಇಪ್ಪತ್ತು ನಿಮಿಷದ ದಾರಿ," ಎಂದ ಮುದ್ರೆ ಗುಮಾಸ್ತ. ಸೀಲು ಒತ್ತಿ ಒತ್ತಿ ಅವನ ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಅದು ಏರ್‌ಪೋರ್ಟಾ? ರನ್‌ವೇ ಇರೋ ಬಸ್‌ಸ್ಟ್ಯಾಂಡು," ಎಂದಳು ಟೈಪಿಸ್ಟ್ ಮೇಡಂ. "ಹೊಸದಕ್ಕೆ ಹೋಗಿ. ಅಲ್ಲಿ ಟಿಕೆಟ್ಟು ಅರ್ಧಕ್ಕರ್ಧ ಕಡಿಮೆ. ಎರಡು ಕಂಪನಿ ಜುಟ್ಟು ಹಿಡ್ಕೊಂಡು ಜಗಳ ಆಡ್ತಿವೆ. ಹಳೆ ಏರ್‌ಪೋರ್ಟಿನವನು ಹತ್ತು ಇಳಿಸಿದ್ರೆ ಹೊಸ ಏರ್‌ಪೋರ್ಟಿನವನು ಇಪ್ಪತ್ತು ಇಳಿಸ್ತಾನೆ. ಹೋದ ವಾರ ಟಿಕೆಟ್ ಜೊತೆ ಛತ್ರಿ ಕೊಟ್ಟರು."

"ಛತ್ರಿ ಯಾಕೆ ಕೊಡ್ತಾರೆ ಹೇಳಿ? ವಿಮಾನ ಸೋರತ್ತೆ."

"ನಿಮ್ಮ ತಲೆ ಸೋರತ್ತೆ."

"ಮೇಡಂ, ಹೊಸ ಏರ್‌ಪೋರ್ಟು ಅರವತ್ತು ಕಿಲೋಮೀಟರ್. ಅಲ್ಲಿಗೆ ಹೋಗೋದಕ್ಕೇ ಒಂದು ವಿಮಾನ ಬೇಕು."

ಜಗಳವನ್ನು ಸೂಪರಿಂಟೆಂಡೆಂಟರು ತೀರ್ಮಾನ ಮಾಡಿದರು. ಅಣ್ಣನಿಗೆ ಹುಷಾರಿಲ್ಲದಿರುವುದು ಅವರಿಗೆ ಇಲಾಖೆಯ ಅದೃಷ್ಟದಂತೆ ಕಂಡಿತು.

"ರಜೆ ಯಾಕ್ರೀ ಹಾಕ್ತೀರಿ? ಹೊಸ ಏರ್‌ಪೋರ್ಟು ನಮ್ಮ ವಲಯ. ಇಲ್ಲೀವರೆಗೂ ಒಬ್ಬರೂ ಹೋಗಿ ನೋಡಿಲ್ಲ. ವರ್ಷಾ ವರ್ಷಾ ಕೂತ ಜಾಗದಲ್ಲೇ ಸೀಲು ಒತ್ತಿ ಕಳಿಸ್ತಿದೀವಿ. ಮುಂದಿನ ವಾರ ಮಂತ್ರಿಗಳು ಬಂದಾಗ ಏನು ಹೇಳಲಿ? ಡ್ಯೂಟಿ ಅಂತ ಬರೀತೀನಿ. ಐದು ಕಿಲೋ ಬಟ್ಟು ತಗೊಂಡು ಹೋಗಿ, ಅವರ ತಕ್ಕಡಿ ನೋಡಿ, ಹಾಗೇ ವಿಮಾನ ಹತ್ತಿ."

"ಸಾರ್, ಬಟ್ಟು ಹೊತ್ಕೊಂಡು ಆಸ್ಪತ್ರೆಗೆ…"

"ಸಾಯಂಕಾಲದೊಳಗೆ ವಾಪಸ್ ಬಂದ್ರೆ ಒಳ್ಳೇದಿತ್ತು. ಬಣ್ಣದವನು ಇವತ್ತೇ ಬರ್ತಿದಾನೆ. ಇರಲಿ, ಗೇಟಿಂದ ಶುರು ಮಾಡಿಸ್ತೀನಿ."

ವರ್ಷಕ್ಕೊಮ್ಮೆ ಬಣ್ಣ ಹೊಡೆಸುವುದು ಆ ಆಫೀಸಿನ ಹಳೆಯ ಪದ್ಧತಿ, ಸೂಪರಿಂಟೆಂಡೆಂಟರ ಹೆಮ್ಮೆ. ಗೇಟು, ಕಿಟಕಿಯ ಸರಳು, ಬೀರು, ಬಟ್ಟು, ನೀರಿನ ಡ್ರಮ್ಮು, ಯಾವುದನ್ನೂ ಅವರು ಬಿಡುತ್ತಿರಲಿಲ್ಲ. ಒಮ್ಮೆ ಮೈಮರೆತು ನಿಂತಿದ್ದ ಮುದ್ರೆ ಗುಮಾಸ್ತನ ಚಪ್ಪಲಿಗೂ ಬಿದ್ದಿತ್ತು.

ಟೈಪಿಸ್ಟ್ ಮೇಡಂ ಟಿಕೆಟ್ ತೆಗೆದುಕೊಟ್ಟು ಎಚ್ಚರಿಕೆ ಹೇಳಿದಳು: "ಕೈಚೀಲ ಏಳು ಕಿಲೋ ಮೀರಬಾರದು. ಮೀರಿದ್ರೆ ಟಿಕೆಟ್ಟಿನ ಮೂರರಷ್ಟು ಕೀಳ್ತಾರೆ." ಇನ್ಸ್‌ಪೆಕ್ಟರ್ ಬಟ್ಟು, ಒಂದು ಅಂಗಿ, ಟವೆಲು, ಸೀಲಿನ ಸಾಮಾನುಗಳನ್ನು ಚೀಲಕ್ಕೆ ತುಂಬಿ, ಅದೇ ಬಟ್ಟಿಟ್ಟು ಸರಿ ಮಾಡಿದ್ದ ಆಫೀಸಿನ ತಕ್ಕಡಿಯ ಮೇಲಿಟ್ಟ. ಆರು ಕಿಲೋ ಒಂಬೈನೂರು. ತೂಕದ ವಿಷಯದಲ್ಲಿ ತನಗೆ ಯಾರೂ ಪಾಠ ಹೇಳಬೇಕಿಲ್ಲ ಎಂಬಂತೆ ಜಿಪ್ ಎಳೆದ.

ಹೊಸ ಏರ್‌ಪೋರ್ಟು ತೊಳೆದು ಬೋರಲು ಹಾಕಿದ ಪಾತ್ರೆಯಂತೆ ಬಯಲಿನ ನಡುವೆ ಹೊಳೆಯುತ್ತಿತ್ತು. ಎರಡು ಬಸ್ಸು ಬದಲಾಯಿಸಿ ತಲುಪುವಾಗ ಹನ್ನೆರಡೂಕಾಲು. ವಿಮಾನ ಒಂದಕ್ಕೆ. ಒಳಗೆ ನಾಲ್ಕು ಕೌಂಟರು, ನಾಲ್ಕು ತಕ್ಕಡಿ, ಒಂದೇ ಉದ್ದನೆಯ ಸಾಲು.

ಕೌಂಟರಿನ ಹುಡುಗಿ ಚೀಲ ಇಡಲು ಸನ್ನೆ ಮಾಡಿದಳು. ಕೆಂಪು ಅಂಕಿಗಳು ಒಮ್ಮೆ ಮಿಟುಕಿ ನಿಂತವು. ಏಳು ಕಿಲೋ ನೂರು.

"ನೂರು ಗ್ರಾಂ ಹೆಚ್ಚಿದೆ ಸಾರ್."

ನೂರು ಗ್ರಾಂ ಎಂಬ ಮಾತು ಕೇಳಿದ್ದೇ ಇನ್ಸ್‌ಪೆಕ್ಟರ್ ಬಗ್ಗಿ ಕೆಂಪು ಅಂಕಿಗಳನ್ನು ಇನ್ನೊಮ್ಮೆ ಓದಿದ. "ನಿಮ್ಮ ತಕ್ಕಡಿ ತಪ್ಪಮ್ಮ," ಎಂದ.

"ಟವೆಲ್ ತೆಗೆದು ಹೆಗಲ ಮೇಲೆ ಹಾಕ್ಕೊಳ್ಳಿ ಸಾರ್, ಮುಗೀತು."

"ಹೌದು ಕಣ್ರೀ, ಹಾಕ್ಕೊಳ್ಳಿ," ಎಂದಳು ಹಿಂದೆ ಮಗು ಎತ್ತಿಕೊಂಡು ನಿಂತಿದ್ದ ಹೆಂಗಸು. "ನಾನು ಮೂರು ಸೀರೆ ಉಟ್ಕೊಂಡೇ ಬಂದಿದೀನಿ."

ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಪ್ಪನಿಗೆ ಬಿಡದ ನೂರು ಗ್ರಾಮನ್ನು ಒಂದು ಕಂಪನಿಗೆ ಬಿಡುವುದು ಹೇಗೆ? ಅವನು ಗುರುತಿನ ಚೀಟಿ ತೆಗೆದ. ಬಟ್ಟನ್ನು ಎರಡೂ ಕೈಯಲ್ಲಿ ಎತ್ತಿ ತಕ್ಕಡಿಯ ಮೇಲಿಟ್ಟ.

ಐದು ಕಿಲೋ ನೂರೈವತ್ತು.

"ನೋಡಿ! ಐದು ಕಿಲೋಗೆ ನೂರೈವತ್ತು ಗ್ರಾಂ ಜಾಸ್ತಿ ತೋರಿಸ್ತಿದೆ. ದಿನಾ ಎಷ್ಟು ಜನರ ಹತ್ರ ಕಿತ್ಕೊಂಡಿದೀರೋ!"

ಸಾಲು ಚಪ್ಪಾಳೆ ತಟ್ಟಿತು. ಯಾರೋ ಸಿಳ್ಳೆ ಹಾಕಿದರು. ಹತ್ತು ವರ್ಷದ ನೌಕರಿಯಲ್ಲಿ ಅವನಿಗೆ ಸಿಕ್ಕ ಮೊದಲ ಚಪ್ಪಾಳೆ ಅದು. ತಲೆ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ. ಎರಡನೇ ಕೌಂಟರಿಗೆ ಹೋದ: ಐದು ಕಿಲೋ ನೂರೈವತ್ತು. ಮೂರನೆಯದು, ನಾಲ್ಕನೆಯದು: ಅಷ್ಟೇ. ನಾಲ್ಕಕ್ಕೂ ತಂತಿ ಸುತ್ತಿ, ಸೀಸದ ಸೀಲು ಒತ್ತಿ, ಮೇಲೆ ಕೆಂಪು ಚೀಟಿ ಹಚ್ಚಿ ಬೆವರು ಒರೆಸಿಕೊಂಡ.

"ಈಗ ನನ್ನ ಬೋರ್ಡಿಂಗ್ ಪಾಸ್ ಕೊಡಿ."

ಓಡಿ ಬಂದಿದ್ದ ಮ್ಯಾನೇಜರು ಸೀಲುಗಳ ಕಡೆ ಕೈ ತೋರಿಸಿದ. "ಹೇಗೆ ಕೊಡಲಿ ಸಾರ್? ಸಾಮಾನಿನ ತೂಕ ಎಷ್ಟು ಅಂತ ಗೊತ್ತಾಗದೆ ಪೈಲಟ್ ವಿಮಾನ ಎತ್ತಲ್ಲ. ತಕ್ಕಡಿಗಳನ್ನ ನೀವೇ ಕಟ್ಟಿಹಾಕಿದೀರಲ್ಲ."

ಒಂದು ಗಂಟೆಯ ವಿಮಾನ ರದ್ದಾಯಿತೆಂದು ಮೈಕಿನಲ್ಲಿ ಮಧುರವಾದ ದನಿ ಹೇಳಿತು. ಚಪ್ಪಾಳೆ ತಟ್ಟಿದ ಕೈಗಳೆಲ್ಲ ಅವನ ಕಾಲರಿನ ಕಡೆ ಬಂದವು.

ಹಳೆ ಏರ್‌ಪೋರ್ಟಿನಿಂದ ನಾಲ್ಕಕ್ಕೆ ಎದುರಾಳಿ ಕಂಪನಿಯದೊಂದು ವಿಮಾನವಿತ್ತು. ಹತ್ತಿದರೆ ಐದಕ್ಕೆ ಇಳಿದು, ಐದೂವರೆಗೆ ಆಸ್ಪತ್ರೆ. ಒಂಬತ್ತು ಜನ ಸೇರಿ ವ್ಯಾನು ಮಾಡಿದರು. ಅವರಲ್ಲಿ ಎಂಟು ಜನ ಅರವತ್ತು ಕಿಲೋಮೀಟರ್ ಉದ್ದಕ್ಕೂ ಒಂಬತ್ತನೆಯವನನ್ನು ಬೈದರು. ಅಣ್ಣನ ಆಪರೇಷನ್ ಎಂದು ಹೇಳಿಕೊಂಡರೂ ಬಿಡಲಿಲ್ಲ. ಬಟ್ಟು ಅವನ ತೊಡೆಯ ಮೇಲಿತ್ತು. ಮಗುವೊಂದೇ ಅವನನ್ನು ನೋಡಿ ನಕ್ಕಿತು. ತಾಯಿ ಅದರ ಮುಖವನ್ನು ಆಚೆ ತಿರುಗಿಸಿದಳು.

"ಅಣ್ಣನ್ನ ನೋಡೋಕೆ ಹೊರಟವರಿಗೆ ಊರ ಉಸಾಬರಿ ಯಾಕೆ ಬೇಕಿತ್ತು?" ಎಂದಳು.

ಅವನು ಕಿಟಕಿಯಾಚೆ ನೋಡಿದ. ಸಂತೋಷವಾಗದಿದ್ದರೂ ಸಮಾಧಾನವಿತ್ತು. ತಕ್ಕಡಿ ಸುಳ್ಳು ಹೇಳಿದಾಗ ಹಿಡಿಯುವವನು ಒಬ್ಬ ಬೇಕಲ್ಲ. ಇದನ್ನು ಅಣ್ಣನಿಗೆ ಹೇಳಬೇಕು ಅನ್ನಿಸಿತು. ಅಪ್ಪ ಅಂತಲೂ ಬಿಡಲಿಲ್ಲ, ಕಂಪನಿ ಅಂತಲೂ ಬಿಡಲಿಲ್ಲ ಕಣೋ, ಎಂದು.

ಸುದ್ದಿ ಅವನಿಗಿಂತ ಮುಂಚೆ ಹಳೆ ಏರ್‌ಪೋರ್ಟು ಮುಟ್ಟಿತ್ತು. ಎದುರಾಳಿ ಕಂಪನಿಯ ಮ್ಯಾನೇಜರು ಬಾಗಿಲಿಗೇ ಬಂದು ಮದುವೆ ಮನೆಯ ಬೀಗರನ್ನು ಕರೆದೊಯ್ಯುವಂತೆ ಅವನನ್ನು ಒಳಗೆ ಕರೆದೊಯ್ದ. ಕೈಗೆ ಕಾಫಿ ಬಂತು. ಕಿಟಕಿ ಪಕ್ಕದ ಸೀಟು, ಪುಕ್ಕಟೆ.

"ಅವರ ಬಂಡವಾಳ ಬಯಲು ಮಾಡಿದಿರಿ ಸಾರ್! ಅಗ್ಗ ಅಗ್ಗ ಅಂತ ಕೂಗಿ ತೂಕದಲ್ಲಿ ಹೊಡೀತಿದ್ರು. ನಮ್ಮದನ್ನೂ ಒಂದು ಸಲ ತೂಗಿ, ಸರಿಯಿದೆ ಅಂತ ನಾಲ್ಕು ಸಾಲು ಬರೆದುಕೊಟ್ಟರೆ ನಾಳೆ ಪೇಪರಲ್ಲಿ ಹಾಕಿಸ್ತೀನಿ. ಎರಡು ನಿಮಿಷದ ಕೆಲಸ."

ಗಂಟೆ ಮೂರೂಕಾಲು. ಇನ್ಸ್‌ಪೆಕ್ಟರ್ ಬಟ್ಟು ಇಟ್ಟ.

ಐದು ಕಿಲೋ ನೂರೈವತ್ತು.

ಮ್ಯಾನೇಜರನ ನಗು ಮುಖದ ಮೇಲೇ ಒಣಗಿತು. "ಪಕ್ಕದ್ದು ನೋಡಿ ಸಾರ್." ಪಕ್ಕದ್ದೂ ಅಷ್ಟೇ. ಹಿಂದಿನ ಗೋದಾಮಿಗೆ ಓಡಿದರು. ಅಲ್ಲಿ ಔಷಧಿ ತೂಗುವ ಯಂತ್ರವಿತ್ತು. ನಿನ್ನೆ ತಾನೇ ಲ್ಯಾಬಿನವರು ಬಂದು ಸರಿ ನೋಡಿ ಹೋಗಿದ್ದರು. ಬಟ್ಟು ಇಟ್ಟರು. ಐದು ಕಿಲೋ ನೂರೈವತ್ತು.

ಗೋದಾಮಿನ ಮುದುಕ ಹಮಾಲಿ ಹತ್ತಿರ ಬಂದು ಬಟ್ಟನ್ನು ತಿರುಗಿಸಿ ನೋಡಿದ. ನಲವತ್ತು ವರ್ಷ ಭಾರ ಹೊತ್ತವನು. ಸೊಂಟದ ಬೀಗದ ಕೈಯಿಂದ ಬಟ್ಟಿನ ಅಂಚನ್ನು ಕೆರೆದ. ಹಲಸಿನ ತೊಗಟೆಯಷ್ಟು ದಪ್ಪದ ಹಕ್ಕಳೆಯೊಂದು ಕಿತ್ತು ಅವನ ಅಂಗೈಗೆ ಬಿತ್ತು.

"ಸ್ವಾಮಿ, ಇದಕ್ಕೆ ಎಷ್ಟು ಸಲ ಬಣ್ಣ ಬಳಿದಿದೀರಿ?"

ಹಕ್ಕಳೆಯ ಅಂಚಿನಲ್ಲಿ ಪದರಗಳು ಕಾಣುತ್ತಿದ್ದವು. ಕಪ್ಪು, ಕಪ್ಪು, ಕಪ್ಪು, ನಡುವೆ ಯಾವ ವರ್ಷದ್ದೋ ಒಂದು ಹಸಿರು, ಮತ್ತೆ ಕಪ್ಪು. ಬಟ್ಟಿನ ತಳದಲ್ಲಿ ಅದು ಇಲಾಖೆಗೆ ಬಂದ ವರ್ಷ ಕೊರೆದಿತ್ತು. ಮೂವತ್ತು ವರ್ಷದ ಹಿಂದಿನದು.

ಇನ್ಸ್‌ಪೆಕ್ಟರನಿಗೆ ಲೆಕ್ಕ ಮಾಡಬೇಕೆಂದಿರಲಿಲ್ಲ. ಅದು ತಾನಾಗಿಯೇ ಆಗಿಹೋಯಿತು. ಮೂವತ್ತು ಸಲದ ಬಣ್ಣಕ್ಕೆ ನೂರೈವತ್ತು ಗ್ರಾಂ. ಒಂದು ಸಲಕ್ಕೆ ಐದು. ಹತ್ತು ವರ್ಷದ ಹಿಂದೆ, ಅಪ್ಪನ ಅಂಗಡಿಗೆ ಹೋದ ದಿನ, ಬಟ್ಟಿನ ಮೇಲೆ ಇಪ್ಪತ್ತು ಪದರವಿತ್ತು.

ನೂರು ಗ್ರಾಂ.

ಊರಿನ ಅಂಗಡಿಗಳೆಲ್ಲ ಈ ಬಟ್ಟಿಗೆ ಹೆದರಿ ತಮ್ಮ ಬಟ್ಟುಗಳಿಗೆ ಸೀಸ ತುಂಬಿಸಿಕೊಂಡು, ಇಷ್ಟು ವರ್ಷವೂ ಗಿರಾಕಿಗಳಿಗೆ ಹೆಚ್ಚೇ ತೂಗಿ ಕೊಟ್ಟಿದ್ದವು. ಸರಿಯಾಗಿ ತೂಗಿದವನು ಊರಿಗೆಲ್ಲ ಒಬ್ಬನೇ. ಅವನು ಗೋಡೆ ಕಡೆ ಮುಖ ಮಾಡಿ ಮಲಗಿದ್ದ.

ಆಗ ಫೋನು ಬಡಿದುಕೊಂಡಿತು. ಅತ್ತಿಗೆ. "ಇವರಿಗಿಂತ ಮುಂಚೆ ಇದ್ದ ಯಾರದೋ ಆಪರೇಷನ್ ರದ್ದಾಯ್ತಂತೆ, ಇವರನ್ನ ಈಗಲೇ ಕರ್ಕೊಂಡು ಹೋಗ್ತಿದಾರೆ. ಮಾತಾಡು, ಮಾತಾಡು ಬೇಗ."

ಗಾಲಿ ಉರುಳುವ ಸದ್ದು. ಆಮೇಲೆ, ಹತ್ತು ವರ್ಷದ ನಂತರ, ಅಣ್ಣನ ಉಸಿರು.

"ಎಲ್ಲಿದೀಯೋ?"

"ಏರ್‌ಪೋರ್ಟಲ್ಲಿ, ಅಣ್ಣ. ಬರ್ತಿದೀನಿ."

"ಇರಲಿ. ಕೇಳು. ಹತ್ತು ವರ್ಷ ನಿನ್ನ ಮೇಲೆ ಹಗೆ ಇಟ್ಕೊಂಡೆ. ಮಲಗಿದಾಗ ಯೋಚನೆ ಮಾಡಿದೆ. ಸ್ವಂತ ಅಪ್ಪನ ಅಂಗಡಿ ಅಂತ ನೋಡದೆ ನಿನ್ನ ಕೆಲಸ ನೀನು ಮಾಡಿದೆ. ಅಪ್ಪ ತೂಕದಲ್ಲಿ ಮೋಸ ಮಾಡಿದ್ದು ನಿಜ. ನನಗೆ ಒಪ್ಪಿಕೊಳ್ಳೋಕೆ ಇಷ್ಟು ದಿನ ಬೇಕಾಯ್ತು. ನಿನ್ನದೇನೂ ತಪ್ಪಿಲ್ಲ ಕಣೋ."

ಇನ್ಸ್‌ಪೆಕ್ಟರ್ ಹಮಾಲಿಯ ಅಂಗೈಯನ್ನೇ ನೋಡುತ್ತಿದ್ದ.

"ಅಣ್ಣ… ಬಂದು ಹೇಳ್ತೀನಿ. ಒಂದು ವಿಷಯ ಇದೆ."

"ಅಷ್ಟು ಹೊತ್ತು ಇಲ್ಲಪ್ಪ. ಒಳಗೆ ಹೋಗೋ ಮುಂಚೆ ಇದೊಂದು ಇಳಿಸಿಬಿಡೋಣ ಅಂತ. ತಕ್ಕಡಿ ಸುಳ್ಳು ಹೇಳಲ್ಲ ಅಂದಿದ್ದೆ ನೀನು. ಸರಿಯಾಗೇ ಹೇಳಿದ್ದೆ ಅಲ್ವಾ?"

ದೂರದಲ್ಲಿ ಯಾರೋ ನರ್ಸ್, ಸಾಕು, ಫೋನ್ ಕೊಡಿ ಎಂದಳು.

"ಹೇಳೋ. ಅಲ್ವಾ?"

"ಹೂಂ," ಎಂದ ಇನ್ಸ್‌ಪೆಕ್ಟರ್.

ಅಣ್ಣ ಒಂದು ನಿಟ್ಟುಸಿರು ಬಿಟ್ಟ. ಹೊತ್ತ ಮೂಟೆಯನ್ನು ನೆಲಕ್ಕಿಟ್ಟವನ ಉಸಿರು. ಬಾಗಿಲು ಮುಚ್ಚಿದ ಸದ್ದಾಯಿತು, ಫೋನು ನಿಂತಿತು.

ಐದು ನಿಮಿಷ ಗಡಿಯಾರ ನೋಡಿಕೊಂಡಿದ್ದ ಮ್ಯಾನೇಜರು ಕೆಮ್ಮಿದ. "ಸಾರ್, ನಾಲ್ಕು ಸಾಲು… ನಮ್ಮ ತಕ್ಕಡಿ ಸರಿಯಿದೆ, ಬಟ್ಟು ತಪ್ಪು ಅಂತ ಬರೀತೀರಾ? ಇಲ್ಲಾ ನಮಗೂ ಕೆಂಪು ಚೀಟಿನಾ? ಬೇಗ ಹೇಳಿ, ವಿಮಾನ ಹೊರಡಬೇಕು."

ಉತ್ತರ ಹೇಳುವ ಮೊದಲೇ ಫೋನು ಮತ್ತೆ ಬಡಿದುಕೊಂಡಿತು. ಸೂಪರಿಂಟೆಂಡೆಂಟರು. ಅವರ ದನಿ ಅಷ್ಟು ಸಿಹಿಯಾಗಿ ಇದ್ದದ್ದನ್ನು ಅವನು ಹಿಂದೆಂದೂ ಕೇಳಿರಲಿಲ್ಲ.

"ಭೇಷ್ ಕಣ್ರೀ! ಹೊಸ ಏರ್‌ಪೋರ್ಟನ್ನೇ ಮುಚ್ಚಿಸಿಬಿಟ್ರಂತೆ. ಮಂತ್ರಿಗಳ ಆಫೀಸಿಂದ ಫೋನು. ಮುಂದಿನ ವಾರ ಅಲ್ಲ, ನಾಳೆ ಬೆಳಿಗ್ಗೆನೇ ಬರ್ತಾರಂತೆ. ಆ ಬಟ್ಟನ್ನ ಕಣ್ಣಾರೆ ನೋಡಬೇಕಂತೆ. ಈಗಲೇ ವಾಪಸ್ ಬನ್ನಿ."

"ಸಾರ್, ನಮ್ಮಣ್ಣ…"

"ಮಾತಾಡಿದ್ರಂತಲ್ಲ, ಟೈಪಿಸ್ಟ್ ಮೇಡಂ ನಿಮ್ಮತ್ತಿಗೆಗೆ ಫೋನ್ ಮಾಡಿ ವಿಚಾರಿಸಿದ್ರು. ಇನ್ನೇನು? ಒಳಗೆ ಹೋದವರನ್ನ ಹೊರಗೆ ಕೂತು ನೋಡೋಕಾಗತ್ತಾ? ಬನ್ನಿ. ಬಟ್ಟು ಒಂದೇ ಬಾಕಿ ಇರೋದು. ಬಣ್ಣದವನು ಬ್ರಷ್ ಹಿಡ್ಕೊಂಡು ಕಾಯ್ತಾ ಕೂತಿದಾನೆ. ಮಂತ್ರಿಗಳು ನೋಡೋದು ಅಂದ್ರೆ ಸುಮ್ನೆ ಅಲ್ಲ, ಈ ಸಲ ಎರಡು ಕೋಟು ಹೊಡೆಸ್ತಿದೀನಿ."